ಆ ಟೀಮಲ್ಲಿ ನಿಮ್ಮದೇನಿದೆ?

ಕಟಿಂಗ್ ಶಾಪಿನಲ್ಲಿ ಕೇಳಿದ್ದಾರೆ, ಮದುವೆ ಮನೆಯ ಪಂಕ್ತಿಯಲ್ಲಿ ಸಾರು ಬಡಿಸುವ ಹೊತ್ತಿಗೆ ಕೇಳಿದ್ದಾರೆ, ಆಫೀಸಿನ ಲಿಫ್ಟಿನಲ್ಲಿ ಕೇಳಿದ್ದಾರೆ. "ಆರ್‌ಸಿಬಿ ಆರ್‌ಸಿಬಿ ಅಂತ ಇಷ್ಟೊಂದು ಒದ್ದಾಡ್ತೀರಲ್ಲ ಸಾರ್, ಆ ಟೀಮಲ್ಲಿ ನಿಮ್ಮದೇನಿದೆ?" ಕೇಳುವವರ ಮುಖದಲ್ಲಿ ಕುತೂಹಲಕ್ಕಿಂತ ಕನಿಕರವೇ ಜಾಸ್ತಿ.

ಎಲ್ಲರಿಗಿಂತ ಹರಿತವಾಗಿ ಕೇಳುತ್ತಿದ್ದವರು ಮೈಸೂರು ಸರಸ್ವತಿಪುರಂನ ನನ್ನ ಚಿಕ್ಕಪ್ಪ. "ಹೆಸರು ವಿಸ್ಕಿದು. ದುಡ್ಡು ಕಂಪನಿದು. ಆಡೋರು ಹರಾಜಲ್ಲಿ ಬಂದೋರು, ಸಂತೇಲಿ ಎತ್ತು ಹಿಡ್ಕೊಂಡು ಬಂದ ಹಾಗೆ. ಈಗಿನ ಕ್ಯಾಪ್ಟನ್ನು ಇಂದೋರಿನೋನು. ಅದರಲ್ಲಿ ಬೆಂಗಳೂರಿಂದು ಅಂತಿರೋದು ಒಂದು ಗ್ರೌಂಡು, ಒಂದು ಟ್ರಾಫಿಕ್ ಜಾಮು. ನಿಂದೇನಯ್ಯಾ ಇದೆ?"

ಒಂದು ಮಾತೂ ಸುಳ್ಳಲ್ಲ. 2008ರಲ್ಲಿ ವಿಜಯ್ ಮಲ್ಯ 11.16 ಕೋಟಿ ಡಾಲರಿಗೆ ಕೂಗಿ ಕೊಂಡ ಐಪಿಎಲ್ ತಂಡ ಅದು, ರಾಯಲ್ ಚಾಲೆಂಜರ್ಸ್ ಅನ್ನುವ ಹೆಸರೂ ಅವರ ರಾಯಲ್ ಚಾಲೆಂಜ್ ವಿಸ್ಕಿಯಿಂದಲೇ ಬಂದದ್ದು. ಅದರಲ್ಲಿ ನನ್ನ ಪಾಲು ಒಂದು ಜೆರ್ಸಿ. ಅದೂ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ಕೊಂಡದ್ದು, ಮೂರನೇ ಒಗೆತಕ್ಕೆ ಬಣ್ಣ ಬಿಟ್ಟಿತು.

ಚಿಕ್ಕಪ್ಪ ಹೀಗೆ ಮಾತಾಡುವುದಕ್ಕೆ ಅವರಿಗೆ ಹಕ್ಕಿದೆ. ಅವರು 1974ರ ಗಿರಾಕಿ. ಬಾಂಬೆ ತಂಡ ಸತತ ಹದಿನೈದು ವರ್ಷ, ರಾಜ್ಯ ತಂಡಗಳು ಆಡುವ ರಣಜಿ ಟ್ರೋಫಿಯನ್ನು ಮನೆಯ ಪಾತ್ರೆಯ ಹಾಗೆ ಇಟ್ಟುಕೊಂಡಿದ್ದ ಕಾಲ. ಆ ಸರಪಳಿ ಕಡಿದದ್ದು ಬೆಂಗಳೂರಿನ ಸೆಮಿಫೈನಲಿನಲ್ಲಿ, ಸ್ಪಿನ್ನರ್ ಪ್ರಸನ್ನ ಅವರ ಕರ್ನಾಟಕ ತಂಡ. ಆಮೇಲೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕರ್ನಾಟಕ ಮೊದಲ ಸಲ ಟ್ರೋಫಿ ತಂದಿತು. ಆ ಸೆಮಿಫೈನಲಿನಲ್ಲಿ ಪ್ರಸನ್ನ ಬಾಂಬೆಯ ಗಾವಸ್ಕರರನ್ನು ಬೌಲ್ಡ್ ಮಾಡಿದ್ದನ್ನು ಚಿಕ್ಕಪ್ಪ ಹೇಳುವಾಗ ಕೈಯಲ್ಲಿ ಏನಿದ್ದರೂ, ಕಾಫಿ ಲೋಟವಾದರೂ ಸರಿ, ಅದು ಚೆಂಡಾಗಿ ತಿರುಗಲೇಬೇಕು. ಕಾಫಿ ಎಷ್ಟೋ ಸಲ ಚೆಲ್ಲಿದೆ.

ಅವರ ಪ್ರಕಾರ ನಮ್ಮ ಟೀಮ್ ಅಂದರೆ ಅದು. ಇದೇನಿದ್ದರೂ ಸರ್ಕಸ್ಸು.

ಸರ್ಕಸ್ಸು ಶುರುವಾದದ್ದೂ ಹಾಗೇ. 2008ರ ಏಪ್ರಿಲ್ 18, ಐಪಿಎಲ್‌ನ ಮೊಟ್ಟಮೊದಲ ಪಂದ್ಯ, ನಮ್ಮದೇ ಚಿನ್ನಸ್ವಾಮಿ ಸ್ಟೇಡಿಯಂ. ಕೋಲ್ಕತ್ತದ ಮೆಕಲಮ್ ಒಬ್ಬರೇ 158, ನಮ್ಮವರು ಎಲ್ಲರೂ ಸೇರಿ 82. ಬ್ಯಾಟ್ ಹಿಡಿದವರಲ್ಲಿ ಎರಡಂಕಿ ಮುಟ್ಟಿದ್ದು ಪ್ರವೀಣ್ ಕುಮಾರ್ ಒಬ್ಬರೇ, 18. ಇತರೆ ರನ್ 19. ಅಂದರೆ ಅವತ್ತು ನಮ್ಮ ಕಡೆ ಹೆಚ್ಚು ರನ್ ಹೊಡೆದವರು ಯಾರೂ ಅಲ್ಲ, ಎದುರಾಳಿಯ ತಪ್ಪುಗಳು. ಮರುದಿನ ಬೆಳಿಗ್ಗೆ ಚಿಕ್ಕಪ್ಪ ಫೋನ್ ಮಾಡಿ "ನೋಡಿದ್ಯಾ?" ಅಂದರು. ನಾನು "ನೋಡ್ದೆ" ಅಂದೆ. ಈ ಫೋನನ್ನು ನೆನಪಿಟ್ಟುಕೊಂಡಿರಿ, ಇದರ ಮೇಲೆ ನನ್ನ ಉತ್ತರ ನಿಂತಿದೆ.

ಮುಂದಿನ ವರ್ಷ ಲೋಕಸಭಾ ಚುನಾವಣೆ ಅಂತ ಪಂದ್ಯಾವಳಿಯೇ ದಕ್ಷಿಣ ಆಫ್ರಿಕಾಗೆ ಹೋಯಿತು. ಜೊಹಾನ್ಸ್‌ಬರ್ಗ್ ಫೈನಲಿನಲ್ಲಿ ಕುಂಬ್ಳೆ ಮೊದಲ ಓವರ್ ತಾವೇ ಹಾಕಿ ಗಿಲ್‌ಕ್ರಿಸ್ಟ್‌ರನ್ನು ಸೊನ್ನೆಗೆ ಕಳಿಸಿದರು. 16 ರನ್ ಕೊಟ್ಟು ನಾಲ್ಕು ವಿಕೆಟ್. ಡೆಕ್ಕನ್ ಚಾರ್ಜರ್ಸ್ 143. ಗೆದ್ದೆವು ಅಂತಲೇ ಲೆಕ್ಕ. ಕೊನೆಗೆ ಕ್ರೀಸಿನಲ್ಲಿ ಉಳಿದದ್ದು ರಾಬಿನ್ ಉತ್ತಪ್ಪ ಮತ್ತು ಕುಂಬ್ಳೆ. ಸೋತದ್ದು ಆರು ರನ್ನಿನಿಂದ.

ಏಳೆಂಟು ತಿಂಗಳು ಕಳೆದು 2010ರ ಜನವರಿ. ರಣಜಿ ಫೈನಲ್ ಮೈಸೂರಿಗೆ ಬಂತು, ಮಾನಸಗಂಗೋತ್ರಿಯ ಗ್ಲೇಡ್ಸ್ ಮೈದಾನಕ್ಕೆ, ಎದುರಾಳಿ ಮುಂಬೈ. ಚಿಕ್ಕಪ್ಪನ ಮನೆಯಿಂದ ನಡೆದುಹೋಗುವ ದೂರ. ರಜೆ ಹಾಕಿ ಬೆಂಗಳೂರಿನಿಂದ ಬಂದಿದ್ದೆ. ಎರಡು ದಿನ ಅವರ ಜೊತೆ ಬಿಸಿಲಲ್ಲಿ ಕೂತದ್ದಾಯಿತು, ಮೊದಲ ಇನಿಂಗ್ಸಿನಲ್ಲಿ ನಮ್ಮವರು 130ಕ್ಕೆ ಮಗುಚಿಕೊಂಡದ್ದನ್ನು ನೋಡಿದ್ದಾಯಿತು. ನಾಲ್ಕನೇ ದಿನ ಸಂಕ್ರಾಂತಿ. ಗೆಲ್ಲಲು 338 ಬೇಕು. ಬೆಳಿಗ್ಗೆ ಪೂಜೆ ಮುಗಿಸಿ ಚಿಕ್ಕಮ್ಮ ಎಳ್ಳು-ಬೆಲ್ಲದ ಡಬ್ಬಿ ಕೈಗೆ ಕೊಟ್ಟು, "ಮಧ್ಯಾಹ್ನ ಊಟಕ್ಕಾದರೂ ಬನ್ನಿ" ಅಂದರು. ಹೋಗಲಿಲ್ಲ. ಮನೀಶ್ ಪಾಂಡೆ ಹೊಡೆಯುತ್ತಿದ್ದರು, ಹೇಗೆ ಹೋಗುವುದು? 144 ಅವರದು, ಗಣೇಶ್ ಸತೀಶ್ 75. ಮರದ ಮೇಲೆಲ್ಲಾ ಹುಡುಗರು. ಪಕ್ಕದಲ್ಲಿದ್ದ ಯಾರೋ ಅಜ್ಜ ಒಂದೊಂದು ರನ್ನಿಗೂ ಒಂದೊಂದು ಎಳ್ಳು ಎಣಿಸಿದ ಹಾಗೆ ತಿನ್ನುತ್ತಿದ್ದರು. ಆಮೇಲೆ ಅಗರ್ಕರ್ ಶುರು ಹಚ್ಚಿಕೊಂಡರು, ಐದು ವಿಕೆಟ್. 331ಕ್ಕೆ ಮುಗಿಯಿತು.

ಆರು ರನ್ನು. ಮತ್ತೆ.

ಉತ್ತಪ್ಪ, ಮನೀಶ್, ವಿನಯ್ ಕುಮಾರ್, ಈ ಮೂವರೂ ಎರಡೂ ಫೈನಲಿನಲ್ಲಿ ಆಡಿದವರು. ಅವರಿಗೆ ಹೇಗಾಯಿತೋ ಗೊತ್ತಿಲ್ಲ, ನನ್ನ ಕಥೆ ಹೇಳುತ್ತೇನೆ. ಎಳ್ಳು-ಬೆಲ್ಲ ತಿಂದು ಒಳ್ಳೆ ಮಾತಾಡು ಅನ್ನುವ ದಿನ, ಗ್ಲೇಡ್ಸಿನಿಂದ ಮನೆಯವರೆಗೆ ನಾನೂ ಚಿಕ್ಕಪ್ಪನೂ ಒಳ್ಳೆಯದು ಕೆಟ್ಟದ್ದು ಯಾವ ಮಾತೂ ಆಡದೆ ನಡೆದೆವು. ಜೊಹಾನ್ಸ್‌ಬರ್ಗಿನ ಸೋಲಿಗಿಂತ ಇದು ಹತ್ತು ಪಟ್ಟು ಉರಿಯಿತು.

ಆದರೆ ಬೇಗ ಆರಿತು. ಇದು ನನಗೇ ಆಶ್ಚರ್ಯ. ಬೆಂಗಳೂರಿಗೆ ವಾಪಸ್ ಹೋದರೆ ಆಫೀಸಿನಲ್ಲಿ ಒಬ್ಬರೂ ಕೇಳಲಿಲ್ಲ. ಅದೇ ಆರ್‌ಸಿಬಿಯ ಆರು ರನ್ನನ್ನು ಎರಡು ವರ್ಷ ಕೇಳಿದರು. ಯಾರೂ ಅಣಕಿಸದ ಸೋಲು ಬೇಗ ಮಾಯುತ್ತದೆ, ದಿನಾ ಕೆದಕುವ ಸೋಲು ಮೈಯ ಭಾಗವೇ ಆಗಿಬಿಡುತ್ತದೆ.

ಇದು ಪೂರ್ತಿ ಅರ್ಥವಾದದ್ದು 2015ರ ಮಾರ್ಚಿನಲ್ಲಿ. ವಾಂಖೆಡೆಯಲ್ಲಿ ರಣಜಿ ಫೈನಲ್, ಕರ್ನಾಟಕಕ್ಕೆ ಎದುರಾಗಿ ತಮಿಳುನಾಡು. ಕರುಣ್ ನಾಯರ್ 328, ನಮ್ಮ ಮೊತ್ತ 762, ಗೆಲುವು ಇನಿಂಗ್ಸ್ ಮತ್ತು 217 ರನ್ನಿನಿಂದ. ಸತತ ಎರಡನೇ ಟ್ರೋಫಿ, ಒಟ್ಟು ಎಂಟನೆಯದು. ನನ್ನ ಪಕ್ಕದ ಸೀಟಿನ ಸಹೋದ್ಯೋಗಿ ಚೆನ್ನೈನವರು. 2011ರ ಐಪಿಎಲ್ ಫೈನಲಿನಲ್ಲಿ ಅವರ ತಂಡ ನಮ್ಮನ್ನು 58 ರನ್ನಿನಿಂದ ಬಡಿದಂದಿನಿಂದ ನನ್ನನ್ನು ಅರೆದಿದ್ದಾರೆ. ನಾಲ್ಕು ವರ್ಷದ ಬಡ್ಡಿ ಸಮೇತ ತೀರಿಸೋಣ ಅಂತ ಸ್ವೀಟ್ ಬಾಕ್ಸ್ ಹಿಡಿದು ಅವರ ಮುಂದೆ ನಿಂತೆ. "ಫೈನಲ್ ಗೆದ್ವಿ, ತಗೊಳ್ಳಿ." ಅವರು ಮೈಸೂರುಪಾಕು ಬಾಯಿಗೆ ಹಾಕಿಕೊಂಡು ನಿಜವಾದ ಮುಗ್ಧತೆಯಿಂದ ಕೇಳಿದರು: "ಯಾವ ಫೈನಲ್?"

ಅವತ್ತು ನನಗೆ ಬಂದ ಫೋನ್ ಎರಡು. ಒಂದು ಚಿಕ್ಕಪ್ಪನದು. ಇನ್ನೊಂದು, ಪರ್ಸನಲ್ ಲೋನ್ ಬೇಕಾ ಅಂತ.

ಈಗ 2017ರ ಏಪ್ರಿಲ್ 23ಕ್ಕೆ ಬನ್ನಿ. ಈಡನ್ ಗಾರ್ಡನ್ಸಿನಲ್ಲಿ ಆರ್‌ಸಿಬಿ 49ಕ್ಕೆ ಆಲೌಟ್. ಹತ್ತು ಓವರ್ ಕೂಡ ಆಡಲಿಲ್ಲ, ಎರಡಂಕಿ ಯಾರೂ ಮುಟ್ಟಲಿಲ್ಲ. ನಾಲ್ಕು ವರ್ಷ ಹಿಂದೆ ಅದೇ ತಾರೀಖು ಗೇಲ್ 175 ಹೊಡೆದು ಇದೇ ತಂಡ 263 ಮಾಡಿತ್ತು. ಆ ರಾತ್ರಿ ನನಗೆ ಬಂದ ಫೋನು, ಮೆಸೇಜು ಎಣಿಸಲಿಲ್ಲ. ಹತ್ತು ವರ್ಷದಿಂದ ಮಾತಿಲ್ಲದ ಡಿಗ್ರಿ ಕ್ಲಾಸ್‌ಮೇಟ್ ಒಬ್ಬ "ಊಟ ಆಯ್ತಾ ಮಗಾ?" ಅಂತ ವಿಚಾರಿಸಿದ. ಚಿಕ್ಕಪ್ಪ ಫೋನ್ ಮಾಡಿ, ಹಲೋ ಅನ್ನುವ ಬದಲು "ನಲವತ್ತೊಂಬತ್ತು" ಅಂದು ಇಟ್ಟರು.

ನನ್ನ ಉತ್ತರ ಇಷ್ಟೇ ಸ್ವಾಮಿ. ಆ ಟೀಮ್ ನನ್ನದಲ್ಲ ಅಂತಾದರೆ ಸೋತಾಗ ನನಗೇಕೆ ಫೋನ್ ಮಾಡಿದಿರಿ? ಮಾಲೀಕರಿಗೆ ಮಾಡಬೇಕಿತ್ತು. ದುಡ್ಡು ಅವರದು, ಲಾಭ ಅವರದು, ಬೈಗುಳ ಮಾತ್ರ ನನ್ನ ಹೆಸರಿಗೆ ಬರುತ್ತಿತ್ತು. ಹದಿನೆಂಟು ವರ್ಷ ತೆರಿಗೆ ಕಟ್ಟಿಸಿಕೊಂಡು ಆಮೇಲೆ ಜಮೀನು ನಿನ್ನದಲ್ಲ ಅಂದರೆ ಹೇಗೆ? ನೀವೇ ನನ್ನ ಹೆಸರಿಗೆ ಖಾತೆ ಮಾಡಿಕೊಟ್ಟಿದ್ದೀರಿ.

ಇನ್ನು ಕನ್ನಡಿಗರ ಲೆಕ್ಕ. 2009ರ ಫೈನಲಿನಲ್ಲಿ ಆಡಿದ ಹನ್ನೊಂದರಲ್ಲಿ ಐವರು ಕರ್ನಾಟಕದವರು: ಕುಂಬ್ಳೆ, ದ್ರಾವಿಡ್, ಉತ್ತಪ್ಪ, ಮನೀಶ್, ವಿನಯ್. 2025ರ ಫೈನಲಿನಲ್ಲಿ ಒಬ್ಬರೇ, ಮಯಂಕ್ ಅಗರ್ವಾಲ್, ಅದೂ ಗಾಯಗೊಂಡ ಪಡಿಕ್ಕಲ್ ಜಾಗಕ್ಕೆ ಬಂದವರು. ಈ ದೂರು ನಂದೂ ಹೌದು, ಮುಚ್ಚಿಡುವುದಿಲ್ಲ. ನಮ್ಮ ಕೆ.ಎಲ್. ರಾಹುಲ್‌ರನ್ನು ಬಿಟ್ಟುಕೊಟ್ಟದ್ದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. 2025ರ ಏಪ್ರಿಲಿನಲ್ಲಿ ಅವರು ಡೆಲ್ಲಿ ಅಂಗಿ ತೊಟ್ಟು ಚಿನ್ನಸ್ವಾಮಿಗೆ ಬಂದು 93 ಹೊಡೆದು ಗೆಲ್ಲಿಸಿ, ಬ್ಯಾಟಿನಿಂದ ನೆಲದ ಮೇಲೆ ಗೆರೆ ಸುತ್ತಿ, ಇದು ನನ್ನ ಜಾಗ ಅನ್ನುವ ಹಾಗೆ ಬ್ಯಾಟ್ ಊರಿದರು. ನಾನು ಕೆಂಪು ಜೆರ್ಸಿ ಹಾಕಿಕೊಂಡು ಸೋಫಾದಲ್ಲಿ ಕೂತಿದ್ದೆ. ಬೈಯಲು ಬಾಯಿ ಬರಲಿಲ್ಲ. ಅವರು ಹೇಳಿದ್ದು ಸರಿಯಾಗಿಯೇ ಇತ್ತಲ್ಲ.

ಆದರೆ "ಇಂದೋರಿನ ಕ್ಯಾಪ್ಟನ್" ಅಂತ ಪಾಟೀದಾರ್‌ರನ್ನು ಚಿಕ್ಕಪ್ಪ ಹಂಗಿಸಿದಾಗ ಮಾತ್ರ ನಾನು ಬಿಡಲಿಲ್ಲ. "ದ್ರಾವಿಡ್ ಹುಟ್ಟಿದ್ದೆಲ್ಲಿ ಚಿಕ್ಕಪ್ಪ?" ಅಂದೆ. ಇಂದೋರು. ಮೈಸೂರಿನಲ್ಲಿ ನಮ್ಮನ್ನು ಅಳಿಸಿದ ಆ 144ರ ಮನೀಶ್? ನೈನಿತಾಲ್. 328ರ ಕರುಣ್? ಜೋಧ್‌ಪುರ. ಇಲ್ಲಿಗೆ ಬಂದರು, ಇಲ್ಲೇ ಬೆಳೆದರು, ನಮ್ಮವರಾದರು. "ಅದು ಬೇರೆ ಕಣಯ್ಯಾ" ಅಂದರು ಚಿಕ್ಕಪ್ಪ. ಬೇರೆಯೇ, ಒಪ್ಪುತ್ತೇನೆ. ದ್ರಾವಿಡ್ ಸೇಂಟ್ ಜೋಸೆಫ್ಸಿನಲ್ಲಿ ಓದಿದವರು, ಪಾಟೀದಾರ್ ಎರಡು ತಿಂಗಳು ಹೋಟೆಲಿನಲ್ಲಿ ಇದ್ದು ಹೋಗುವವರು. ಆದರೆ ಪೂರ್ತಿ ಬೇರೆ ಅಲ್ಲ.

2024ರ ಮಾರ್ಚಿನಲ್ಲಿ ಆರ್‌ಸಿಬಿಯ ಹೆಣ್ಣುಮಕ್ಕಳ ತಂಡ ನಮ್ಮೆಲ್ಲರ ಮಾನ ಉಳಿಸಿತು. ಮಹಿಳಾ ಲೀಗಿನ ಫೈನಲಿನಲ್ಲಿ ಡೆಲ್ಲಿಯಲ್ಲಿ ಡೆಲ್ಲಿಯನ್ನೇ 113ಕ್ಕೆ ಉರುಳಿಸಿ, ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ ನಾಲ್ಕು ವಿಕೆಟ್ ತೆಗೆದು, ಕಪ್ ತಂದರು. ಗಂಡಸರು ಹದಿನಾರು ವರ್ಷದಲ್ಲಿ ಮಾಡದ್ದು ಅವರಿಗೆ ಎರಡನೇ ವರ್ಷಕ್ಕೆ ಆಯಿತು. ಚಿಕ್ಕಮ್ಮ ಅವತ್ತಿನಿಂದ ಕ್ಯಾಪ್ಟನ್ ಸ್ಮೃತಿಯ ಪಾರ್ಟಿ.

2025ರ ಜೂನ್ 3, ಅಹಮದಾಬಾದ್, ಐಪಿಎಲ್ ಫೈನಲ್. ನಾವು 190, ಪಂಜಾಬ್ 184. ಹೇಜಲ್‌ವುಡ್ ಕೊನೆಯ ಓವರ್ ಹಾಕುವಾಗ ಗೆಲುವು ಹೆಚ್ಚುಕಡಿಮೆ ಖಚಿತವಾಗಿತ್ತು. ಎರಡು ಡಾಟ್ ಬಾಲ್ ಬಿದ್ದದ್ದೇ ಕೊಹ್ಲಿ ಕಣ್ಣಲ್ಲಿ ನೀರು. ನಾನು ಮಾತ್ರ ಕೊನೆಯ ಚೆಂಡಿನವರೆಗೆ ಕುರ್ಚಿಯಿಂದ ಏಳಲಿಲ್ಲ, 2016ರ ಫೈನಲಿನಲ್ಲಿ ನಮ್ಮದೇ ಚಿನ್ನಸ್ವಾಮಿಯಲ್ಲಿ 114ಕ್ಕೆ ಒಂದೂ ವಿಕೆಟ್ ಬೀಳದೆ ಇದ್ದು ಎಂಟು ರನ್ನಿಗೆ ಸೋತದ್ದನ್ನು ನೋಡಿದವನು ನಾನು. ಬೀದಿಯಲ್ಲಿ ಪಟಾಕಿ ಶುರುವಾಯಿತು. ಮಧ್ಯರಾತ್ರಿ ಚಿಕ್ಕಪ್ಪನ ಫೋನ್.

"ನಾನು ನೋಡ್ಲಿಲ್ಲ. ಎಷ್ಟು ರನ್ನಲ್ಲಿ ಗೆದ್ರು?"

"ಆರು."

ಆ ಕಡೆ ಸದ್ದಿಲ್ಲ. ಹಿಂದಿನಿಂದ ಟೀವಿಯ ಕನ್ನಡ ಕಾಮೆಂಟರಿ ಕೇಳುತ್ತಿತ್ತು. "ಆರಾ..." ಅಂದರು, "ಮಲಕ್ಕೋ ಹೋಗು."

ಮಾರನೇ ದಿನ ಸಂಜೆ ನನ್ನ ಅಕ್ಕನ ಮಗ ಗೆಳೆಯರ ಜೊತೆ ವಿಜಯೋತ್ಸವಕ್ಕೆ ಅಂತ ಚಿನ್ನಸ್ವಾಮಿ ಸ್ಟೇಡಿಯಂ ಕಡೆ ಹೋಗಿದ್ದ. ಗೇಟುಗಳ ಬಳಿ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತರು. ಬಹುತೇಕ ಎಳೆಯ ವಯಸ್ಸಿನವರು. ಎರಡು ಗಂಟೆ ಅವನ ಫೋನ್ ಹತ್ತಲಿಲ್ಲ. ಅಕ್ಕ ಬಾಗಿಲಲ್ಲೇ ನಿಂತಿದ್ದಳು, ನಾನು ಅವಳ ಮುಖ ನೋಡದೆ ಜೆರ್ಸಿ ತೆಗೆದು ಬೇರೆ ಅಂಗಿ ಹಾಕಿಕೊಂಡೆ. ಯಾಕೆ ಅಂತ ಕೇಳಬೇಡಿ. ಏಳೂವರೆಗೆ ಹುಡುಗ ಬಂದ, ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಅವನು ಬರುವ ಮೊದಲೇ ಚಿಕ್ಕಪ್ಪ ಮೂರು ಸಲ ಫೋನ್ ಮಾಡಿದ್ದರು. ನಾಲ್ಕನೇ ಸಲ ನಾನೇ ಮಾಡಿದೆ.

"ಬಂದ ಚಿಕ್ಕಪ್ಪ."

"ಊಟ ಹಾಕಿ ಮಲಗಿಸು. ಬೈಬೇಡ ಅವನಿಗೆ."

ಆಮೇಲೆ ಅವರು ಆ ಪ್ರಶ್ನೆ ಕೇಳಿಲ್ಲ. ಮಿಕ್ಕವರು ಕೇಳುತ್ತಲೇ ಇದ್ದಾರೆ, ಮೊನ್ನೆ ಕಟಿಂಗ್ ಶಾಪಿನಲ್ಲೂ ಆಯಿತು.