ಸರ್, ಒಲೆಯನ್ನೂ ನೋಡಿ

ಗುಂಟೂರು ಮೆಣಸಿನಕಾಯಿ ಹುರಿಯುವಾಗ ಯಾರು ಕರೆದರೂ ಒಲೆ ಮುಂದಿನಿಂದ ಏಳುವಂತಿಲ್ಲ. ಅರ್ಧ ನಿಮಿಷ ಕೈ ಬಿಟ್ಟರೆ ತಳದ್ದೆಲ್ಲ ಕರಕಲು. ಅದಕ್ಕೇ ಅವತ್ತು ಗೇಟು ತೆಗೆಯಲು ಅತ್ತೆ ಹೋದರು. 2022ರ ಜನವರಿ, ಮಂಗಳವಾರ. ವಾಪಸ್ ಬಂದಾಗ ಅವರ ಮುಖ ಸಪ್ಪಗಿತ್ತು. "ಪಾಲಿಕೆಯವರಂತೆ ಕಣಮ್ಮ. ಒಲೆ ಆರಿಸಿ ಬಾ" ಅಂದರು.

ಬಂದವರು ಇಬ್ಬರು. ಹೆಲ್ತ್ ಇನ್ಸ್‌ಪೆಕ್ಟರ್, ಅವರ ಜೊತೆ ಫೈಲು ಹಿಡಿದ ಒಬ್ಬ ಹುಡುಗ. ಇನ್ಸ್‌ಪೆಕ್ಟರ್ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡೇ ಕೇಳಿದರು: "ಇಲ್ಲಿ ಸಾರಿನ ಪುಡಿ ಮಾಡಿ ಮಾರ್ತೀರಂತೆ. ಉದ್ದಿಮೆ ಪರವಾನಗಿ ಇದೆಯಾ ಅಮ್ಮಾ?"

ನಾನು ಒಳಗೆ ಹೋಗಿ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಪತ್ರ ತಂದೆ. ಅದರ 14 ಅಂಕಿಗಳ ನಂಬರನ್ನು ಪ್ರತಿ ಪ್ಯಾಕೆಟ್ ಮೇಲೂ ಹಾಕುತ್ತಿದ್ದೆ. ವರ್ಷದ ವಹಿವಾಟು 12 ಲಕ್ಷದ ಒಳಗಿದ್ದರೆ ಆಗ ನೋಂದಣಿ ಸಾಕಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ. ನಾನೇ ಕೂತು ಅರ್ಜಿ ತುಂಬಿ ಪಡೆದದ್ದು ಅದು. ಅವರು ನೋಡಿ ವಾಪಸ್ ಕೊಟ್ಟರು. "ಇದು ನೀವು ಮಾಡೋ ಪದಾರ್ಥಕ್ಕೆ. ನಾನು ಕೇಳ್ತಿರೋದು ಜಾಗಕ್ಕೆ."

ಈ ಎರಡೂ ಬೇರೆ ಬೇರೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಉಪ್ಪಿನಕಾಯಿ, ಹಪ್ಪಳ, ಹೋಳಿಗೆ ಮಾಡಿ ಮಾರುವ ನನ್ನ ಪರಿಚಯದ ಯಾರಿಗೂ ಗೊತ್ತಿರಲಿಲ್ಲ. ತಿನ್ನುವವರಿಗೆ ತೊಂದರೆಯಾಗದಂತೆ ನೋಡಿಕೊಳ್ಳುವುದು ಒಂದು ಕಾಯ್ದೆ. ಆ ಕೆಲಸದಿಂದ ಸುತ್ತಮುತ್ತಲಿನವರಿಗೆ ತೊಂದರೆಯಾಗದಂತೆ ನೋಡಿಕೊಳ್ಳುವುದು ಇನ್ನೊಂದು. ನಮ್ಮ ರಾಜ್ಯದ 1976ರ ಮಹಾನಗರ ಪಾಲಿಕೆಗಳ ಕಾಯ್ದೆಯ 353ನೇ ಕಲಂ ಹೇಳುವುದು ಇದನ್ನೇ. ಜೀವಕ್ಕೆ, ಆರೋಗ್ಯಕ್ಕೆ, ಆಸ್ತಿಗೆ ಅಪಾಯ ತರಬಹುದಾದ ಅಥವಾ ಉಪದ್ರವ ಆಗಬಹುದಾದ ಉದ್ದಿಮೆಗೆ ಪಾಲಿಕೆಯ ಪರವಾನಗಿ ಬೇಕು. ನಾನು ಇದನ್ನು ಓದಿದ್ದು ಆಮೇಲೆ. ಅವತ್ತು ಕೈಗೆ ಬಂದದ್ದು ಏಳು ದಿನದ ನೋಟಿಸು ಮಾತ್ರ. ಅದರಲ್ಲಿ "ಸಾರ್ವಜನಿಕರ ದೂರಿನ ಮೇರೆಗೆ" ಅಂತ ಬರೆದಿತ್ತು.

ಆ ಸಾಲು ಓದಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ನಾವು ಇದನ್ನು ಶುರು ಮಾಡಿದ್ದು 2020ರ ಲಾಕ್‌ಡೌನ್‌ನಲ್ಲಿ. ನಮ್ಮನೆಯವರ ಸಂಬಳ ಅರ್ಧಕ್ಕೆ ಇಳಿದಿತ್ತು. ಅತ್ತೆ ಮಾಡುತ್ತಿದ್ದ ಸಾರಿನ ಪುಡಿಯನ್ನು ಮೊದಲು ಐದು ಕೇಜಿ ಮಾಡಿ ವಾಟ್ಸ್‌ಆಪ್‌ನಲ್ಲಿ ಹೇಳಿದೆ. ಎರಡೇ ದಿನದಲ್ಲಿ ಖಾಲಿ. ಎರಡು ವರ್ಷ ಆಗುವಷ್ಟರಲ್ಲಿ ತಿಂಗಳಿಗೆ 40 ಕೇಜಿ ಹೋಗುತ್ತಿತ್ತು. ಮಗಳ ಫೀಸು ಅದರಿಂದಲೇ. ಮನೆಯಲ್ಲಿ ಮಾಡುವ ಅಡುಗೆಗೂ ಪರವಾನಗಿ ಬೇಕಾ ಅಂತ ಕೋಪ ಬಂತು. ದೂರು ಕೊಟ್ಟವರು ಯಾರು ಅಂತ ಬೀದಿಯ ಒಂದೊಂದು ಮನೆಯನ್ನೂ ಮನಸ್ಸಿನಲ್ಲೇ ಎಣಿಸಿದೆ.

ಮಾರನೇ ದಿನ ಪಾಲಿಕೆ ಕಚೇರಿಗೆ ಹೋದೆ. ಅರ್ಜಿಯಲ್ಲಿ ಕೇಳಿದ್ದೆಲ್ಲ ಅಂಗಡಿಗೆ ಹೊಂದುವಂಥದ್ದು. ಅಂಗಡಿಯ ಅಗಲ, ಉದ್ದ. ನಾಮಫಲಕದ ಅಳತೆ. ಕೆಲಸಗಾರರು ಎಷ್ಟು. ಯಂತ್ರ ಇದ್ದರೆ ಎಷ್ಟು ಎಚ್‌ಪಿ. ಎಂಟಕ್ಕೆ ಹತ್ತು ಅಡಿಯ ಅಡುಗೆಮನೆಯನ್ನು ಎಲ್ಲಿ ಬರೆಯಲಿ? ಕೌಂಟರಿನಲ್ಲಿದ್ದ ಹೆಣ್ಣುಮಗಳು "ಅಂಗಡಿ ಅಂತಲೇ ಬರೀರಿ ಮೇಡಂ" ಅಂದಳು. ತೆರಿಗೆ ರಸೀದಿ ಮಾವನವರ ಹೆಸರಲ್ಲಿದೆ, ಅವರ ಒಪ್ಪಿಗೆ ಪತ್ರ ಬೇಕು. ಅಕ್ಕಪಕ್ಕದ ಎರಡು ಮನೆಯವರ ಒಪ್ಪಿಗೆಯೂ ಬೇಕು ಅಂದಳು.

ಮೀಟರ್ ಕಮರ್ಷಿಯಲ್ ಆಗಿದೆಯಾ ಅಂತಲೂ ಕೇಳಿದಳು. ಅದಕ್ಕೆ ಕರೆಂಟ್ ಆಫೀಸಿಗೆ ಓಡಿದೆ. ಆಗಿನ ದರಪಟ್ಟಿ ನೋಡಿದಾಗ ಆಶ್ಚರ್ಯ ಆಯಿತು. ಮನೆಯ ಒಂದು ಭಾಗದಲ್ಲಿ ಕೈಮಗ್ಗ ಹಾಕಿದರೆ, ಬಟ್ಟೆ ಹೊಲಿದರೆ, ಗೃಹಬಳಕೆಯ ದರವೇ. ಕುಶಲಕರ್ಮಿಗಳ ಮೋಟಾರಿಗೆ 200 ವಾಟ್‌ವರೆಗೆ ವಿನಾಯಿತಿ. ಯಾರೋ ಮನೆ ದುಡಿಮೆಯ ಬಗ್ಗೆ ಯೋಚನೆ ಮಾಡಿಯೇ ಬರೆದಿದ್ದಾರೆ ಅಲ್ವಾ? ಪಾಲಿಕೆಯ ಅರ್ಜಿಯಲ್ಲೂ ಇಂಥ ಒಂದು ಸಾಲು ಇದ್ದಿದ್ದರೆ ಅನಿಸಿತು. ನಾನು ಪುಡಿ ಮಾಡುವ ಯಂತ್ರ, 1 ಎಚ್‌ಪಿ ಪಲ್ವರೈಸರ್ ಕೊಳ್ಳಲು ದುಡ್ಡು ಕೂಡಿಡುತ್ತಿದ್ದೆ. ಅದು 746 ವಾಟ್. ಆ ಆಸೆ ಅಲ್ಲಿಗೇ ಬಿಟ್ಟೆ. ಹುರಿಯುವುದು ಮನೆಯಲ್ಲಿ, ಪುಡಿ ಮಾಡಿಸುವುದು ಗಿರಣಿಯಲ್ಲಿ. ಈಗಲೂ ಹಾಗೇ.

ಎಡಗಡೆ ಮನೆಯವರು ಕೂಡಲೇ ಸಹಿ ಹಾಕಿದರು. ಬಲಗಡೆ ಮನೆಯಲ್ಲಿರುವವರು ನಿವೃತ್ತ ಮೇಷ್ಟ್ರು. ಬೀದಿಯ ಮಕ್ಕಳೆಲ್ಲ ಅಜ್ಜ ಅಂತಲೇ ಕರೆಯುವುದು. ಕಾಗದ ನೋಡಿ ಅವರು ಸುಮ್ಮನಾದರು. ಆಮೇಲೆ, "ದೂರು ಕೊಟ್ಟಿದ್ದು ನಾನೇ ಕಣಮ್ಮ" ಅಂದರು.

ನನಗೆ ಮಾತು ಹೊರಡಲಿಲ್ಲ. ಅವರು ಟೇಬಲ್ ಮೇಲಿದ್ದ ನೆಬ್ಯುಲೈಸರ್, ಉಸಿರಿನ ಜೊತೆ ಔಷಧಿ ಎಳೆದುಕೊಳ್ಳುವ ಯಂತ್ರ, ತೋರಿಸಿದರು. "ನಂಗೆ ಉಬ್ಬಸ. ಮಂಗಳವಾರ, ಶುಕ್ರವಾರ ನೀವು ಹುರಿಯೋಕೆ ಶುರು ಮಾಡಿದರೆ ಕಿಟಕಿ ಹಾಕ್ಕೊಂಡು ಕೂರ್ತೀನಿ. ಆದ್ರೂ ಒಳಗೆ ಬರುತ್ತೆ. ಹೇಗೆ ಹೇಳಲಿ, ನಿಮ್ಮ ಹೊಟ್ಟೆಪಾಡು ಅಂತ ಒಂದು ವರ್ಷ ಸುಮ್ನಿದ್ದೆ."

ಕಿಟಕಿಯಿಂದ ಆಚೆ ನೋಡಿದೆ. ಎದುರಿಗೆ ನಾಲ್ಕು ಅಡಿ ದೂರದಲ್ಲಿ ನಮ್ಮ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್. ಅದರ ಕೆಳಗಿನ ಗೋಡೆ ಕಂದು ಬಣ್ಣಕ್ಕೆ ತಿರುಗಿತ್ತು. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ ಅಂತ ನಾವು ಬೆರೆಸುತ್ತೇವೆ. ಆ ಖಾರದ ಘಾಟೆಲ್ಲ ನೇರವಾಗಿ ಅವರ ಕೋಣೆಗೆ ಹೋಗುತ್ತಿತ್ತು. ಎರಡು ವರ್ಷ ನಮ್ಮ ಮನೆಯೊಳಗೆ ಘಾಟು ನಿಲ್ಲಬಾರದು ಅಂತ ನಾನೇ ಆ ಫ್ಯಾನ್ ಹಾಕುತ್ತಿದ್ದೆ. ರಾತ್ರಿಯೆಲ್ಲ ಇಟ್ಟುಕೊಂಡಿದ್ದ ಕೋಪ ಅಲ್ಲೇ ಇಳಿದುಹೋಯಿತು. ಇವರು ದೂರು ಕೊಟ್ಟಿದ್ದು ಸರಿ. ಕಾಯ್ದೆ ಇರಬೇಕಾದ್ದೂ ಇಂಥವರಿಗಾಗಿಯೇ. ಸಹಿ ಕೇಳದೆ ವಾಪಸ್ ಬಂದೆ.

ಅಲ್ಲಿಂದ ಹುರಿಯುವುದನ್ನು ನಿಲ್ಲಿಸಿದೆ. ಬಂದ ಆರ್ಡರ್ ಎಲ್ಲ ವಾಪಸ್. ಫೆಬ್ರವರಿಯಲ್ಲಿ ಇನ್ಸ್‌ಪೆಕ್ಟರ್ ಸ್ಥಳ ಪರಿಶೀಲನೆಗೆ ಬಂದರು. ಮುಂದಿನ ಕೋಣೆಯನ್ನು ಟೇಪು ಹಿಡಿದು ಅಳೆದರು. ಬೋರ್ಡ್ ಎಲ್ಲಿ ಹಾಕ್ತೀರಿ ಅಂದರು. ಬೋರ್ಡ್ ಹಾಕಲ್ಲ ಅಂದೆ. ಬಾಗಿಲ ಮುಂದೆ ನನ್ನನ್ನು ನಿಲ್ಲಿಸಿ ಫೋಟೊ ತೆಗೆದರು. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

"ಸರ್, ಒಲೆಯನ್ನೂ ನೋಡಿ" ಅಂದೆ.

"ಅದೇನೂ ಬೇಕಿಲ್ಲಮ್ಮ."

"ಇಲ್ಲ ಸರ್. ದೂರು ಬಂದಿರೋದು ಒಲೆ ಮೇಲೆ. ಅದನ್ನೇ ನೋಡದೆ ಪರವಾನಗಿ ಕೊಟ್ಟರೆ ಪಕ್ಕದ ಮನೆ ಅಜ್ಜನಿಗೆ ಏನು ಹೇಳಲಿ?"

ಅವರು ಒಂದು ಕ್ಷಣ ನನ್ನ ಮುಖ ನೋಡಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಬಾಣಲೆಯ ಅಗಲ ನೋಡಿದರು. ಫ್ಯಾನ್ ಹಾಕಿಸಿ, ಊದುಬತ್ತಿ ತರಿಸಿ, ಹಚ್ಚಿ ಹಿಡಿದರು. ಹೊಗೆ ಒಂದು ಗೆರೆಯ ಹಾಗೆ ಅಜ್ಜನ ಕಿಟಕಿ ಕಡೆಗೇ ಹೋಯಿತು. "ಈ ಫ್ಯಾನ್ ಮುಚ್ಚಿಸಿ. ಒಲೆ ಮೇಲೆ ತಗಡಿನ ಹುಡ್ ಹಾಕಿಸಿ, ಅಲ್ಲಿಂದ ಪೈಪ್ ಎಳೆದು ತಾರಸಿಗಿಂತ ಮೇಲೆ ಬಿಡಿ. ಬೆಂಡ್ ಒಂದೇ ಇರಲಿ, ಜಾಸ್ತಿ ಆದ್ರೆ ಹೊಗೆ ಎಳೆಯಲ್ಲ. ಹೋಟೆಲಿನವರಿಗೆ ಇದನ್ನೇ ಹೇಳೋದು ನಾವು." ಎಷ್ಟು ಚೆನ್ನಾಗಿ ಗೊತ್ತಿತ್ತು ಅವರಿಗೆ! ಆದರೆ ಅರ್ಜಿಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ. ಕೇಳದೇ ಇದ್ದಿದ್ದರೆ ಅವರಿಗೆ ಗೊತ್ತಿದ್ದದ್ದು ಅವರ ಜೊತೆಗೇ ಹೋಗುತ್ತಿತ್ತು. ನನಗೆ ಇವತ್ತಿಗೂ ಬೇಜಾರಾಗುವುದು ಇದೊಂದೇ ವಿಷಯಕ್ಕೆ. ಶುಲ್ಕಕ್ಕೂ ಅಲ್ಲ, ಓಡಾಟಕ್ಕೂ ಅಲ್ಲ.

ತಗಡಿನ ಕೆಲಸದವರನ್ನು ಕರೆಸಿ ಹುಡ್ ಮಾಡಿಸಿದೆ. 14 ಅಡಿ ಪೈಪ್ ಬಂತು. ಪಲ್ವರೈಸರ್‌ಗೆ ಅಂತ ಕೂಡಿಟ್ಟ ದುಡ್ಡು ಅದಕ್ಕೇ ಹೋಯಿತು. ಮೊದಲ ಸಲ ಹುರಿದ ದಿನ ಮಗಳನ್ನು ಅಜ್ಜನ ಕೋಣೆಯಲ್ಲಿ ಕೂರಿಸಿದ್ದೆ. ಅರ್ಧ ಗಂಟೆ ಆದ ಮೇಲೆ ಅವಳು ಅವರ ಸಹಿ ಹಾಕಿಸಿಕೊಂಡೇ ಬಂದಳು.

ಮಾರ್ಚ್ ಮೂರನೇ ವಾರ ಪರವಾನಗಿ ಕೈಗೆ ಸಿಕ್ಕಿತು. ಅದರ ಅವಧಿ ಮಾರ್ಚ್ 31ರವರೆಗೆ ಮಾತ್ರ. ಆರ್ಥಿಕ ವರ್ಷದ ಲೆಕ್ಕ. ಹಾಗಾಗಿ ಏಪ್ರಿಲ್‌ನಲ್ಲಿ ಮತ್ತೆ ಪೂರ್ತಿ ವರ್ಷದ ಶುಲ್ಕ ಕಟ್ಟಿ ನವೀಕರಣ ಮಾಡಿಸಿದೆ. ಆಮೇಲೆ ಪ್ರತಿ ವರ್ಷವೂ ಮಾಡಿಸುತ್ತಿದ್ದೇನೆ. ದುಡ್ಡು ಕಟ್ಟಿದರೆ ಪ್ರಮಾಣಪತ್ರ ಬರುತ್ತದೆ. ಪೈಪ್ ಹೇಗಿದೆ ಅಂತ ಇದುವರೆಗೆ ಯಾರೂ ಕೇಳಿಲ್ಲ.

ಅದರೊಳಗೆ ಜಿಡ್ಡು ಕಟ್ಟುತ್ತದೆ. ತಿಂಗಳಿಗೊಮ್ಮೆ ಬೆಂಡ್ ಬಿಚ್ಚಿ, ಬಿಸಿನೀರಿಗೆ ಸೋಡಾ ಹಾಕಿ ಉಜ್ಜುತ್ತೇನೆ. ತಡವಾದರೆ ಅಜ್ಜ ಕಾಂಪೌಂಡ್ ಹತ್ತಿರ ಬಂದು ನಿಂತು, "ಪೈಪ್ ತೊಳೀಬೇಕೇನೋ ನೋಡಮ್ಮ" ಅನ್ನುತ್ತಾರೆ. ಅವತ್ತೇ ತೊಳೆಯುತ್ತೇನೆ.