ಡಲ್ಲಾಸಿನ ಚಳಿಗೆ ಧಾರವಾಡದ ಶೇಗಡಿ ಬೇಡ

ಈ ವಾರದ ಕೊನೆಗೆ ಡಲ್ಲಾಸ್ ಕಡೆ ಮಂಜುಗಡ್ಡೆ ಕಟ್ಟುವ ಮಳೆ ಬರುತ್ತದೆ, ಅದರ ಬೆನ್ನಿಗೇ ಜೀವಕ್ಕೆ ಅಪಾಯ ಆಗುವಂಥ ಚಳಿ ಬೀಳುತ್ತದೆ ಅಂತ ಅಲ್ಲಿನ ಹವಾಮಾನ ಇಲಾಖೆ ಹೇಳುತ್ತಿದೆ. ನನ್ನ ತಂಗಿ, ಅವಳ ಗಂಡ, ಪುಟ್ಟ ಮಗಳು ಅಲ್ಲೇ ಇದ್ದಾರೆ. ಅವರೊಬ್ಬರೇ ಅಲ್ಲ, ಧಾರವಾಡ ಹುಬ್ಬಳ್ಳಿಯ ಎಷ್ಟೋ ಮನೆಗಳ ಮಕ್ಕಳು ಈಗ ಟೆಕ್ಸಾಸಿನಲ್ಲಿದ್ದಾರೆ. ಇಲ್ಲಿ ಕೂತ ಹಿರಿಯರು ಫೋನ್ ಮಾಡಿ ಏನು ಕೇಳಬೇಕು, ಏನು ಹೇಳಲೇಬಾರದು ಅನ್ನೋದು ಗೊತ್ತಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಡಿಗ್ರಿ ಲೆಕ್ಕ. ತಂಗಿ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ ಫೋಟೋದಲ್ಲಿ ಸೋಮವಾರ ಬೆಳಿಗ್ಗೆ "10" ಅಂತ ಇತ್ತು. "ಹತ್ತಂದ್ರ ಏನ್ ಮಹಾ, ನಮ್ಮಲ್ಲೂ ಮೊನ್ನೆ ಹನ್ನೊಂದು ಹನ್ನೆರಡು ಇತ್ತಲ್ಲ" ಅಂದರು ನಮ್ಮ ಮಾವ. ನಮ್ಮಲ್ಲಿ ಜನವರಿಯ ಬೆಳಿಗ್ಗೆ ಅಷ್ಟಿರುತ್ತದೆ, ನಿಜ. ಕರ್ನಾಟಕ ಕಾಲೇಜಿನ ಮೈದಾನಕ್ಕೆ ವಾಕಿಂಗ್ ಬರುವವರೆಲ್ಲ ಕಿವಿಗೆ ಮಫ್ಲರ್ ಸುತ್ತಿಕೊಂಡೇ ಬರುತ್ತಾರೆ. ಆದರೆ ಆ ಫೋಟೋದ ಹತ್ತು ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಸೊನ್ನೆಗಿಂತ 12 ಡಿಗ್ರಿ ಕೆಳಗೆ. ಫ್ಯಾರನ್‌ಹೀಟ್ ಲೆಕ್ಕದಲ್ಲಿ ನೀರು ಹೆಪ್ಪುಗಟ್ಟುವುದೇ 32ಕ್ಕೆ. ಅಮೆರಿಕದಿಂದ ಯಾರೇ ಚಳಿಯ ಸುದ್ದಿ ಹೇಳಿದರೂ 32ಕ್ಕಿಂತ ಎಷ್ಟು ಕೆಳಗೆ ಅಂತ ನೋಡಿ, ಆಗ ಅವರ ಪರಿಸ್ಥಿತಿ ಅರ್ಥವಾಗುತ್ತದೆ.

ಎರಡನೇದು, ಇದು ಸಿನಿಮಾದಲ್ಲಿ ನೋಡುವ ಹಿಮ ಅಲ್ಲ. ಹಿಮ ಬಿದ್ದರೆ ಮಕ್ಕಳು ಆಡುತ್ತಾರೆ, ಸಲಿಕೆಯಲ್ಲಿ ಎತ್ತಿ ಬದಿಗೆ ಹಾಕಬಹುದು. ಈ ಮಳೆ ಬೀಳುವಾಗ ನೀರಾಗಿಯೇ ಬೀಳುತ್ತದೆ, ಏನಾದರೂ ತಾಗಿದ ಕೂಡಲೇ ಗಡ್ಡೆಯಾಗುತ್ತದೆ. ಕೆನಡಾ ಕಡೆಯಿಂದ ಭಾರವಾದ ಥಂಡಿ ಗಾಳಿ ನೆಲಕ್ಕೆ ಹತ್ತಿಕೊಂಡೇ ಇಳಿದು ಬರುತ್ತದೆ, ಆ ಬಯಲು ಸೀಮೆಯಲ್ಲಿ ಅದನ್ನು ತಡೆಯಲು ಅಡ್ಡ ಬೆಟ್ಟಗಳಿಲ್ಲ. ಮೆಕ್ಸಿಕೋ ಕೊಲ್ಲಿಯ ಕಡೆಯಿಂದ ಬರುವ ಬೆಚ್ಚನೆಯ ಒದ್ದೆ ಗಾಳಿ ಅದರ ಮೇಲೆ ಹತ್ತಿ ಹೋಗುತ್ತದೆ. ಮೇಲೆ ಹುಟ್ಟಿದ ಹಿಮ ಆ ಬೆಚ್ಚನೆಯ ಪದರದಲ್ಲಿ ಕರಗಿ ಹನಿಯಾಗುತ್ತದೆ. ನೆಲದ ಹತ್ತಿರದ ಥಂಡಿ ಪದರ ತೆಳ್ಳಗಿರೋದರಿಂದ ಗಾಳಿಯಲ್ಲೇ ಮತ್ತೆ ಗಡ್ಡೆಯಾಗಲು ಆ ಹನಿಗೆ ಹೊತ್ತು ಸಿಗೋದಿಲ್ಲ. ರಸ್ತೆ, ಕಾರು, ಮೆಟ್ಟಿಲು, ಎಲೆ, ಕರೆಂಟ್ ತಂತಿ, ಯಾವುದಕ್ಕೆ ತಾಗುತ್ತೋ ಅದರ ಮೇಲೆ ಗಾಜಿನಂತೆ ಕೂರುತ್ತದೆ. ನಮ್ಮ ಕಡೆ ಅಡ್ಡಮಳೆಯಲ್ಲಿ ಬೀಳುವ ಆಲಿಕಲ್ಲು ಬೇರೆ, ಅದು ಗುಡುಗಿನ ಮೋಡದೊಳಗೇ ಗಟ್ಟಿಯಾಗಿ ಬೀಳುತ್ತದೆ.

ಅವ್ವನಿಗೆ ನಾನು ಇದನ್ನು ಕುಸುರೆಳ್ಳಿನ ಲೆಕ್ಕದಲ್ಲಿ ಹೇಳಿದೆ. ಬಿಸಿ ತಾಟಿನಲ್ಲಿ ಎಳ್ಳು ಆಡಿಸುತ್ತಾ ಸಕ್ಕರೆ ಪಾಕವನ್ನು ಹನಿ ಹನಿ ಹಾಕಿದ ಹಾಗೆ ಒಂದೊಂದು ಕಾಳಿನ ಮೇಲೂ ಪದರದ ಮೇಲೆ ಪದರ ಏರುತ್ತಾ ಹೋಗುತ್ತದಲ್ಲ, ತಂತಿಯ ಮೇಲೆ ಗಡ್ಡೆ ಏರೋದೂ ಹಾಗೇ. ಕಾಲು ಇಂಚು ದಪ್ಪ ಕೂರುತ್ತದೆ ಅನ್ನಿಸಿದರೆ ಸಾಮಾನ್ಯವಾಗಿ ಅಲ್ಲಿ "ಐಸ್ ಸ್ಟಾರ್ಮ್ ವಾರ್ನಿಂಗ್" ಕೊಡುತ್ತಾರೆ. ಕಾಲು ಇಂಚು ಕೇಳೋಕೆ ಸಣ್ಣದು. ಆದರೆ ಒಂದು ಮರದ ಪ್ರತಿ ಎಲೆ, ಪ್ರತಿ ಟೊಂಗೆಯ ಮೇಲೆ ಅಷ್ಟು ಕೂತರೆ ಎಷ್ಟು ಭಾರ ಆಗುತ್ತದೆ ಯೋಚನೆ ಮಾಡಿ. 2023ರ ಫೆಬ್ರುವರಿ ಮೊದಲ ದಿನಗಳಲ್ಲಿ ಆಸ್ಟಿನ್ನಿನಲ್ಲಿ ಆಗಿದ್ದು ಇದೇ. ಚಳಿಗಾಲದಲ್ಲೂ ಎಲೆ ಉದುರಿಸದ ಓಕ್ ಮರಗಳು ಗಡ್ಡೆಯ ಭಾರಕ್ಕೆ ಮುರಿದು ತಂತಿಗಳ ಮೇಲೆ ಬಿದ್ದವು. ಲಕ್ಷಕ್ಕೂ ಜಾಸ್ತಿ ಮನೆಗಳು ಕತ್ತಲಾದವು, ಕೆಲವು ಕಡೆ ಕರೆಂಟ್ ಬರೋಕೆ ದಿನಗಟ್ಟಲೆ ಹಿಡಿಯಿತು.

ಚಿಕಾಗೋದಲ್ಲಿರುವ ಚಿಕ್ಕಪ್ಪನ ಮಗ ಕೇಳಿದ, ನಮ್ಮಲ್ಲಿ ಇದಕ್ಕಿಂತ ಜಾಸ್ತಿ ಚಳಿ ಇರುತ್ತದಲ್ಲ, ಯಾಕಿಷ್ಟು ಗಾಬರಿ ಅಂತ. ಹೌದು, ಚಿಕಾಗೋದಲ್ಲಿ 2019ರ ಜನವರಿ 30ಕ್ಕೆ ನಮ್ಮ ಲೆಕ್ಕದಲ್ಲಿ ಮೈನಸ್ 31 ಡಿಗ್ರಿ ಆಗಿತ್ತು. ಆದರೆ ಆ ಊರು ಚಳಿಗೆ ಅಂತಲೇ ಕಟ್ಟಿದ ಊರು. ಅಲ್ಲಿ ಗೋಡೆ ದಪ್ಪ, ನೀರಿನ ಪೈಪು ನೆಲದಲ್ಲಿ ಆಳಕ್ಕೆ, ರಸ್ತೆಗೆ ಉಪ್ಪು ಹಾಕುವ ಲಾರಿಗಳು ಸಾಲು ಸಾಲು. ಡಲ್ಲಾಸ್ ಬಿಸಿಲಿಗೆ ಕಟ್ಟಿದ ಊರು. ಎಷ್ಟೋ ಮನೆಗಳಲ್ಲಿ ಪೈಪು ಹೊರಗೋಡೆಯಲ್ಲಿ, ಇಲ್ಲವೇ ಛಾವಣಿ ಕೆಳಗಿನ ಅಟ್ಟದಲ್ಲಿ ಹಾದು ಹೋಗಿರುತ್ತದೆ. ಉಪ್ಪು ಇದ್ದರೂ ಸುಮಾರು ಮೈನಸ್ 9ಕ್ಕಿಂತ ಕೆಳಗೆ ಹೋದರೆ ಅದು ಸರಿಯಾಗಿ ಕೆಲಸ ಮಾಡೋದಿಲ್ಲ. ಮೇಲ್ಸೇತುವೆಗಳು ಎಲ್ಲಕ್ಕಿಂತ ಮೊದಲು ಗಡ್ಡೆಗಟ್ಟುತ್ತವೆ, ಯಾಕೆಂದರೆ ಅವುಗಳ ಕೆಳಗೂ ಥಂಡಿ ಗಾಳಿಯೇ. ಡಲ್ಲಾಸಿನ ಹೈವೇಗಳಲ್ಲಿ ಒಂದರ ಮೇಲೊಂದು ಐದು ಅಂತಸ್ತಿನ ಕೂಡುರಸ್ತೆಯೇ ಇದೆ. ಪಕ್ಕದ ಫೋರ್ಟ್ ವರ್ತ್‌ನಲ್ಲಿ 2021ರ ಫೆಬ್ರುವರಿ 11ರ ಬೆಳಗಿನ ಜಾವ ತುಂತುರು ಮಳೆ ಗಡ್ಡೆಯಾಗಿ 130ಕ್ಕೂ ಹೆಚ್ಚು ವಾಹನಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಆರು ಜನ ಸತ್ತರು. ಹಾಗಾಗಿ ಮಳೆ ಶುರುವಾದ ಮೇಲೆ ಮನೆ ಬಿಟ್ಟು ಕದಲಬೇಡಿ ಅನ್ನೋ ಮಾತನ್ನು ಧಾರಾಳವಾಗಿ ಹೇಳಿ, ಎಷ್ಟು ಸಲ ಹೇಳಿದರೂ ತಪ್ಪಿಲ್ಲ.

ಆ ಅಪಘಾತ ಆಗಿ ನಾಲ್ಕೇ ದಿನಕ್ಕೆ ದೊಡ್ಡ ಹೊಡೆತ ಬಿತ್ತು. ಟೆಕ್ಸಾಸಿನ ಬಹುಪಾಲಿಗೆ ತನ್ನದೇ ಬೇರೆ ವಿದ್ಯುತ್ ಗ್ರಿಡ್, ಪಕ್ಕದ ರಾಜ್ಯಗಳ ಜೊತೆ ಕೊಂಡಿ ತೀರಾ ಕಡಿಮೆ. ಫೆಬ್ರುವರಿ 15ರ ನಡುರಾತ್ರಿ ದಾಟಿದ ಮೇಲೆ ವಿದ್ಯುತ್ ಸ್ಥಾವರಗಳು ಒಂದೊಂದಾಗಿ ನಿಂತವು. ಗ್ಯಾಸ್ ಬಾವಿಗಳು, ಪೈಪುಗಳು ಹೆಪ್ಪುಗಟ್ಟಿ ಸ್ಥಾವರಗಳಿಗೆ ಗ್ಯಾಸ್ ಸಿಗಲಿಲ್ಲ. ಗ್ರಿಡ್ ನೋಡಿಕೊಳ್ಳುವ ಎರ್ಕಾಟ್ ಸಂಸ್ಥೆ ಬೇಡಿಕೆ ಇಳಿಸಲು ಮನೆಗಳ ಕರೆಂಟ್ ತೆಗೆಯಿತು. ಇನ್ನು 4 ನಿಮಿಷ 37 ಸೆಕೆಂಡ್ ಹಾಗೇ ಇದ್ದಿದ್ದರೆ ಇಡೀ ಗ್ರಿಡ್ ಕುಸಿಯುತ್ತಿತ್ತು ಅಂತ ಆಮೇಲೆ ಅವರೇ ಹೇಳಿದರು. 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಇರಲಿಲ್ಲ. ಮರುದಿನ ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಮೈನಸ್ 19 ಡಿಗ್ರಿ. ಸರಕಾರಿ ಲೆಕ್ಕದಲ್ಲೇ 246 ಸಾವು. ಅದರಲ್ಲಿ ಮೂರರಲ್ಲಿ ಎರಡು ಪಾಲು ಚಳಿಗೇ ಸತ್ತವರು. ಆಮೇಲೆ ಸ್ಥಾವರಗಳನ್ನು ಚಳಿಗೆ ಗಟ್ಟಿ ಮಾಡಬೇಕು ಅಂತ ಅಲ್ಲಿ ಕಾನೂನು ಬಂತು, ಅದು ಒಳ್ಳೆಯದೇ ಆಯಿತು. ಆದರೆ ಮರ ಮುರಿದು ಬೀದಿಯ ತಂತಿ ಹರಿದರೆ ಸ್ಥಾವರ ಎಷ್ಟು ಗಟ್ಟಿಯಿದ್ದರೂ ಕರೆಂಟ್ ಬರೋದಿಲ್ಲ ಅಲ್ವಾ?

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ.

ವಿಡಿಯೋ ಕಾಲ್‌ನಲ್ಲಿ ಅವ್ವ ತಂಗಿಗೆ ಹೇಳಿದಳು, "ಹೀಟರ್ ಬಂದ್ ಆದ್ರ ಏನಾತು, ಹಿತ್ತಲದಾಗ ಇದ್ದಲಿ ಒಲಿ ಐತೆಲ್ಲ, ಒಳಗ ತಂದು ಕೆಂಡ ಮಾಡ್ಕೊಂಡು ಕುಂಡರ್ರಿ, ಕೂಸಿಗೆ ಬೆಚ್ಚಗಾಕ್ಕೈತಿ." ಅವ್ವ ಪ್ರೀತಿಯಿಂದಲೇ ಹೇಳಿದ್ದು. ನಾವಿಬ್ಬರೂ ಬೆಳೆದದ್ದೇ ಹಾಗೆ. ಮಾಳಮಡ್ಡಿಯ ಹಳೇ ಮನೆಯಲ್ಲಿ ತಂಗಿ ಹುಟ್ಟಿದಾಗ ಬಾಣಂತಿ ಕೋಣೆಯಲ್ಲಿ ಹೊರಸಿನ ಕೆಳಗೆ ಶೇಗಡಿ, ಅಂದರೆ ಇದ್ದಿಲ ಕೆಂಡದ ಒಲೆ, ಇಡುತ್ತಿದ್ದರು. ಆಯಿ ಕೆಂಡದ ಮೇಲೆ ಅಜವಾನ ಉದುರಿಸುತ್ತಿದ್ದಳು, ಅದು ಚಟಪಟ ಅಂದು ಹೊಗೆ ಏಳುತ್ತಿತ್ತು, ಆ ಹೊಗೆಗೆ ಅಂಗೈ ಹಿಡಿದು ಕೂಸಿನ ನೆತ್ತಿಗೆ, ಹೊಟ್ಟೆಗೆ ಒತ್ತುತ್ತಿದ್ದಳು. ಯಾರಿಗೂ ಏನೂ ಆಗಲಿಲ್ಲ. ಯಾಕೆಂದರೆ ಅದು ಹಂಚಿನ ಮನೆ. ಹಂಚಿನ ಸಂದಿಯಲ್ಲಿ, ಬೆಳಕಿಂಡಿಯಲ್ಲಿ, ಬಾಗಿಲ ಕೆಳಗಿನ ಬೆರಳಷ್ಟು ಜಾಗದಲ್ಲಿ ಗಾಳಿ ಆಡುತ್ತಲೇ ಇರುತ್ತಿತ್ತು. ಕೆಂಡದಿಂದ ಬರುವ ವಿಷ ಅಲ್ಲಿಂದಲೇ ಹೊರಗೆ ಹೋಗುತ್ತಿತ್ತು.

ತಂಗಿಯ ಮನೆಯಲ್ಲಿ ಅಂಥ ಸಂದಿ ಇಲ್ಲ. ಎಸಿ ಗಾಳಿ ಹೊರಗೆ ಹೋಗಬಾರದು ಅಂತ ಕಿಟಕಿ ಬಾಗಿಲು ಎಲ್ಲ ಬಿಗಿಯಾಗಿ ಮುಚ್ಚಿರುತ್ತವೆ. ಅಂಥ ಮನೆಯಲ್ಲಿ ಇದ್ದಿಲು ಹಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ಅದು ಹೋಗಿ ಕೂರುತ್ತದೆ, ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ. ತಲೆನೋವು, ತಲೆಸುತ್ತು, ವಾಂತಿ ಬಂದ ಹಾಗೆ ಆಗೋದು, ನಿದ್ದೆ ಎಳೆಯೋದು. ಚಳಿಗೆ ಹೀಗಾಗಿದೆ ಅಂದುಕೊಂಡು ಜನ ಮಲಗಿಬಿಡುತ್ತಾರೆ, ಮತ್ತೆ ಏಳೋದಿಲ್ಲ. 2021ರಲ್ಲಿ ಹ್ಯೂಸ್ಟನ್ನಿನ ಒಂದು ಮನೆಯಲ್ಲಿ ಬೆಚ್ಚಗಾಗಲು ಗ್ಯಾರೇಜಿನೊಳಗೆ ಕಾರು ಚಾಲೂ ಇಟ್ಟಿದ್ದರು. ಆ ಹೊಗೆ ತುಂಬಿ ತಾಯಿ, ಮಗಳು ಇಬ್ಬರೂ ಸತ್ತರು. ಆ ಚಿಕ್ಕ ಹುಡುಗಿಯ ಸುದ್ದಿ ಓದಿದ ದಿನದಿಂದ ನನಗೆ ಇದು ತಲೆಯಿಂದ ಹೋಗಿಲ್ಲ.

ಅದಕ್ಕೇ ಕೈಮುಗಿದು ಹೇಳುತ್ತೇನೆ, ಇದ್ದಿಲ ಒಲೆ ಒಳಗೆ ಬೇಡ, ಜನರೇಟರ್ ಒಳಗೆ ಬೇಡ, ಗ್ಯಾರೇಜಿನಲ್ಲೂ ಬೇಡ. ಜನರೇಟರ್ ಇದ್ದರೆ ಮನೆಯಿಂದ ಇಪ್ಪತ್ತು ಅಡಿಯಾದರೂ ದೂರ ಇರಬೇಕು, ಹೊಗೆ ಕಿಟಕಿಯ ಕಡೆ ಬರಬಾರದು. ಅಡಿಗೆಯ ಗ್ಯಾಸ್ ಒಲೆ ಹಚ್ಚಿಟ್ಟು ಮನೆ ಕಾಯಿಸೋದೂ ಬೇಡ. ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯಾ, ಅದಕ್ಕೆ ಬ್ಯಾಟರಿ ಹಾಕಿದ್ದಾರಾ, ಗುಂಡಿ ಒತ್ತಿ ನೋಡಿದ್ದಾರಾ ಅಂತ ಕೇಳಿ. ಅದು ಕೂಗಿದರೆ, ಅಥವಾ ಮನೆಯಲ್ಲಿ ಎಲ್ಲರಿಗೂ ಒಟ್ಟಿಗೇ ತಲೆನೋವು ಶುರುವಾದರೆ, ಚಳಿ ಇದ್ದರೂ ಸರಿ, ಎಲ್ಲರೂ ತಕ್ಷಣ ಹೊರಗೆ ಬಂದು ಅಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಬೇಕು. ಇದನ್ನೆಲ್ಲ ಅವ್ವನಿಗೆ ಕೂರಿಸಿಕೊಂಡು ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತಳು. ಆಮೇಲೆ ಎದ್ದು ಹೋಗಿ ಪಕ್ಕದ ಮನೆಯ ಕಾಕೂಗೆ, ಅವರ ಮಗ ಹ್ಯೂಸ್ಟನ್ನಿನಲ್ಲಿದ್ದಾನೆ, "ಇದ್ದಲಿ ಒಳಗ ತರಬ್ಯಾಡ ಅಂತ ನಿಮ್ಮ ಮಗಗ ಈಗಿಂದೀಗ ಹೇಳ್ರಿ" ಅಂತ ಕಾಂಪೌಂಡಿನ ಮೇಲಿಂದಲೇ ಹೇಳಿ ಬಂದಳು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. "ನಮ್ಮದು ಗ್ಯಾಸ್ ಹೀಟರ್, ಕರೆಂಟ್ ಹೋದ್ರೂ ನಡೀತದ" ಅಂದುಕೊಳ್ಳುತ್ತಾರೆ. ಆ ಬಿಸಿ ಗಾಳಿಯನ್ನು ಮನೆ ತುಂಬ ತಳ್ಳುವ ಫ್ಯಾನು ನಡೆಯೋದು ಕರೆಂಟಿನಿಂದಲೇ. ಕರೆಂಟ್ ಹೋದರೆ ಅದೂ ನಿಂತಿತು.

ಹಾಗಾದರೆ ಬೆಚ್ಚಗಿರೋದು ಹೇಗೆ? ಒಂದೇ ಕೋಣೆ ಸೇರಿಕೊಳ್ಳಬೇಕು, ಆದಷ್ಟು ಚಿಕ್ಕದು, ಕಿಟಕಿ ಕಡಿಮೆ ಇರುವಂಥದ್ದು. ಬಾಗಿಲ ಕೆಳಗೆ ಟವೆಲ್ ತುರುಕಬೇಕು. ಒಂದು ದಪ್ಪ ಕೋಟಿಗಿಂತ ಮೂರು ತೆಳ್ಳಗಿನ ಬಟ್ಟೆ ಮೇಲು, ನಡುವೆ ನಿಂತ ಗಾಳಿಯೇ ಬೆಚ್ಚಗಿಡುತ್ತದೆ. ಕೌದಿಯ ಗುಟ್ಟೂ ಅದೇ. ತಂಗಿ ಹೋಗುವಾಗ ಅವ್ವ ಹಟ ಮಾಡಿ ಸೂಟ್‌ಕೇಸಿನಲ್ಲಿ ಇಟ್ಟ ಕೌದಿ ಈಗ ಅಲ್ಲಿದೆ. ಆಯಿಯ ಇಳಕಲ್ ಸೀರೆಗಳು, ಅಪ್ಪನ ಹಳೇ ಧೋತರ, ನಮ್ಮ ಶಾಲೆಯ ನೀಲಿ ಲಂಗ ಎಲ್ಲ ಪದರ ಪದರವಾಗಿ ಇಟ್ಟು ಅಂಚಿನಿಂದ ನಡುವಿನ ತನಕ ಒತ್ತೊತ್ತಾಗಿ ಹೊಲಿಗೆ ಹಾಕಿದ್ದು. ತೂಕಕ್ಕೆ ಏರ್‌ಪೋರ್ಟಿನಲ್ಲಿ ಬೇರೆ ಸಾಮಾನು ತೆಗೆದರೇ ಹೊರತು ಅದನ್ನು ತೆಗೆಯಲಿಲ್ಲ. ಅದರೊಳಗೆ ಮೂರೂ ಜನ ಹಿಡಿಯುತ್ತಾರೆ.

ಊಟಕ್ಕೆ ನಮ್ಮ ಕಡೆಯವರಿಗೆ ಚಿಂತೆ ಕಡಿಮೆ. ಸಂಕ್ರಾಂತಿಗೆ ಕಳಿಸಿದ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಕಟಕ್ ಆಗಿ ಡಬ್ಬಿಯಲ್ಲಿದೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅವಲಕ್ಕಿ ಇದೆ. ಒಲೆ ಇಲ್ಲದೆ ಎರಡು ಮೂರು ದಿನ ಆರಾಮ ನಡೆಯುತ್ತದೆ.

ನೀರಿನ ವಿಷಯಕ್ಕೆ ಮಾತ್ರ ಮೊದಲೇ ಕೈ ಹಾಕಬೇಕು. ನೀರು ಗಡ್ಡೆಯಾದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ, ಆ ಒತ್ತಡಕ್ಕೆ ಪೈಪು ಸೀಳುತ್ತದೆ. ಸೀಳಿದ್ದು ಆಗ ಗೊತ್ತಾಗೋದಿಲ್ಲ, ಬಿಸಿಲು ಬಂದು ಕರಗಿದಾಗ ಛಾವಣಿಯಿಂದ ಸುರಿಯುತ್ತದೆ. ಹೊರಗೋಡೆಯ ಕಡೆಯ ನಲ್ಲಿಗಳನ್ನು ಸಣ್ಣಗೆ ಹನಿಯಲು ಬಿಡಬೇಕು, ಸಿಂಕ್ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಬೇಕು, ಮನೆಗೆ ನೀರು ಬರುವ ಮೇನ್ ವಾಲ್ವ್ ಎಲ್ಲಿದೆ ಅಂತ ಇವತ್ತೇ ನೋಡಿಟ್ಟುಕೊಳ್ಳಬೇಕು. ಹೊರಗಿನ ನಲ್ಲಿಗೆ ಹಾಕುವ ಟೋಪಿ ಅಂಗಡಿಯಲ್ಲಿ ಖಾಲಿಯಾಗಿತ್ತಂತೆ, ತಂಗಿಯ ಗಂಡ ಹಳೇ ಟವೆಲ್ ಸುತ್ತಿ ಮೇಲೆ ಪ್ಲಾಸ್ಟಿಕ್ ಚೀಲ ಬಿಗಿದಿದ್ದಾರೆ. 2021ರಲ್ಲಿ ಒಂದು ಕೋಟಿಗೂ ಹೆಚ್ಚು ಜನರಿಗೆ ನೀರು ಕಾಯಿಸಿಯೇ ಕುಡಿಯಿರಿ ಅಂದಿದ್ದರು, ಕಾಯಿಸೋಕೆ ಕರೆಂಟ್ ಇರಲಿಲ್ಲ. ಹಾಗಾಗಿ ಕುಡಿಯುವ ನೀರು ಕ್ಯಾನುಗಳಲ್ಲಿ, ಬಳಸುವ ನೀರು ಬಾತ್‌ಟಬ್ಬಿನಲ್ಲಿ ಈಗಲೇ ತುಂಬಿಸಿಡೋದು ವಾಸಿ.

ಕೊನೆಗೆ ಫೋನ್. ಗಾಬರಿಗೆ ನಾವು ಗಂಟೆಗೊಮ್ಮೆ ವಿಡಿಯೋ ಕಾಲ್ ಮಾಡಿದರೆ ಅವರ ಬ್ಯಾಟರಿ ನಾವೇ ಖಾಲಿ ಮಾಡಿದ ಹಾಗೆ. ನೆಟ್‌ವರ್ಕ್ ಸರಿಯಿಲ್ಲದೆ ಕಾಲ್ ಸಿಗದಿದ್ದರೂ ಒಂದು ಮೆಸೇಜ್ ಎಷ್ಟೋ ಸಲ ಹೇಗೋ ದಾಟುತ್ತದೆ. ನಾವು ಮಾಡಿಕೊಂಡ ಮಾತು ಇಷ್ಟು. ನಮಗೆ ಬೆಳಿಗ್ಗೆ 8 ಅಂದರೆ ಅವರಿಗೆ ಹಿಂದಿನ ದಿನದ ರಾತ್ರಿ ಎಂಟೂವರೆ, ಆಗ ಒಂದು ಮೆಸೇಜ್. ನಮಗೆ ರಾತ್ರಿ 8ಕ್ಕೆ, ಅವರಿಗೆ ಬೆಳಿಗ್ಗೆ ಎಂಟೂವರೆ, ಆಗ ಇನ್ನೊಂದು. ಒಂದು ತಪ್ಪಿದರೆ ಮುಂದಿನದಕ್ಕೆ ಕಾಯೋದು. ಎರಡೂ ತಪ್ಪಿದರೆ ಅವರ ಪಕ್ಕದ ಬೀದಿಯಲ್ಲಿರುವ ದಾವಣಗೆರೆಯವರಿಗೆ ಫೋನ್ ಮಾಡೋದು. ಆ ನಂಬರನ್ನು ಅವ್ವ ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡು ಕ್ಯಾಲೆಂಡರಿಗೆ ಪಿನ್ ಮಾಡಿದ್ದಾಳೆ.