ಸೊನ್ನೆ ಸೆಕೆಂಡಿನ ಫೈಲು

ಪ್ಲೇಯರಿಗೆ ಹಾಕಿದರೆ ಉದ್ದ 0:00. ಫೋಲ್ಡರಿನಲ್ಲಿ ಗಾತ್ರ ನೋಡಿದರೆ 47 ಎಂಬಿ. ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಎಳೆದು ಹಾಕಿದರೆ ಈ ಫೈಲು ಸರಿಯಿಲ್ಲ ಅಂತ ಒಂದು ಸಂದೇಶ. ಒಳಗೆ ಏನೂ ಇಲ್ಲದ ಫೈಲಿಗೆ 47 ಎಂಬಿ ಎಲ್ಲಿಂದ ಬರಬೇಕು?

ನಾನು ಕೊಳಲು ನುಡಿಸುವವನು. ವೃತ್ತಿಯಲ್ಲ, ಚಟ. ಒಂದು ಕಂಡೆನ್ಸರ್ ಮೈಕು, ಎರಡು ಇನ್‌ಪುಟ್ಟಿನ ಆಡಿಯೋ ಇಂಟರ್‌ಫೇಸು, ಫ್ಯಾನಿನ ಸದ್ದನ್ನೂ ಹಾಡಿಗೆ ಸೇರಿಸುವ ಒಂದು ಲ್ಯಾಪ್‌ಟಾಪು, ಇಷ್ಟೇ ನನ್ನ ಸ್ಟುಡಿಯೋ. ಅವತ್ತು ಟೇಕ್ ಮೇಲೆ ಟೇಕ್ ಕೆಟ್ಟು, ಕೊನೆಗೊಂದು ತಾನಾಗಿ ಕೂಡಿಬಂದಿತ್ತು. ಉಸಿರು ಸಾಕಾಗಿತ್ತು, ತಾರಸ್ಥಾಯಿಯಲ್ಲಿ ಸ್ವರ ಸೀಳಿರಲಿಲ್ಲ. ಸ್ಟಾಪ್ ಒತ್ತಬೇಕು ಅನ್ನುವಷ್ಟರಲ್ಲಿ ಸ್ಕ್ರೀನು ಗಕ್ಕನೆ ನಿಂತುಬಿಟ್ಟಿತು. ಮೌಸು ಅಲ್ಲಾಡಲಿಲ್ಲ, ಕೀಬೋರ್ಡಿಗೆ ಉತ್ತರವಿಲ್ಲ. ಪವರ್ ಬಟನ್ ಅದುಮಿ ಹಿಡಿಯುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಮತ್ತೆ ಆನ್ ಮಾಡಿದಾಗ ಹಳೆಯ ಕೆಟ್ಟ ಟೇಕುಗಳೆಲ್ಲ ಗಟ್ಟಿಮುಟ್ಟಾಗಿದ್ದವು. ಬೇಕಾದದ್ದೊಂದೇ ಸೊನ್ನೆ ಸೆಕೆಂಡಾಗಿ ಬಿದ್ದಿತ್ತು.

ಆ ಟೇಕು ಕೂತಿದ್ದು ವೇವ್ ಫೈಲಿನಲ್ಲಿ, ಅಂದರೆ ಧ್ವನಿಯನ್ನು ಸಾಮಾನ್ಯವಾಗಿ ಕುಗ್ಗಿಸದೆ ಇಡುವ ಮಾದರಿಯ ಫೈಲಿನಲ್ಲಿ. ಅದರ ಒಳಗೆ ಏನಿರುತ್ತದೆ ಅಂತ ಗೊತ್ತಿದ್ದರೆ ಇಂಥ ಹೊತ್ತಿನಲ್ಲಿ ಎದೆ ಅಷ್ಟು ಹೊಡೆದುಕೊಳ್ಳುವುದಿಲ್ಲ. ಮೈಕ್ರೋಸಾಫ್ಟ್ ಮತ್ತು ಐಬಿಎಂ ಸೇರಿ 1991ರಲ್ಲಿ ತಂದ ವಿನ್ಯಾಸ ಅದು, ತುಂಬ ಸರಳ. ಮುಂದೆ ಒಂದು ಚಿಕ್ಕ ಹೆಡರ್, ಮಾಮೂಲಿಯಾಗಿ 44 ಬೈಟು. ಸೆಕೆಂಡಿಗೆ ಎಷ್ಟು ಸ್ಯಾಂಪಲ್ (ಧ್ವನಿಯ ಒಂದೊಂದು ಅಳತೆ), ಒಂದೊಂದಕ್ಕೆ ಎಷ್ಟು ಬಿಟ್, ಎಷ್ಟು ಚಾನೆಲ್, ಮುಂದಿರುವ ಧ್ವನಿ ಒಟ್ಟು ಎಷ್ಟು ಬೈಟು ಎಂಬ ವಿವರ ಅದರಲ್ಲಿರುತ್ತದೆ. ಅದಾದ ಮೇಲೆ ಬರೀ ಸಂಖ್ಯೆಗಳ ಸಾಲು. ತೊಂದರೆ ಇರುವುದು ಆ ಕೊನೆಯ ವಿವರದಲ್ಲಿ. ರೆಕಾರ್ಡಿಂಗ್ ನಡೆಯುತ್ತಿರುವಾಗ ಒಟ್ಟು ಎಷ್ಟಾಗುತ್ತದೆ ಅಂತ ಯಾವ ಸಾಫ್ಟ್‌ವೇರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಬಹಳಷ್ಟು ಸಾಫ್ಟ್‌ವೇರುಗಳು ಅಲ್ಲಿ ಸೊನ್ನೆ ಬರೆದಿಟ್ಟು, ಸ್ಟಾಪ್ ಒತ್ತಿದ ಮೇಲೆ ಹಿಂದಕ್ಕೆ ಬಂದು ಸರಿಯಾದ ಅಂಕಿ ತುಂಬುತ್ತವೆ. ನಾನು ಸ್ಟಾಪ್ ಒತ್ತಲೇ ಇಲ್ಲವಲ್ಲ. ಧ್ವನಿ ಡಿಸ್ಕಿಗೆ ಹೋಗಿ ಕೂತಿದೆ, ಆದರೆ ಹೆಡರ್ ಮಾತ್ರ 'ಇಲ್ಲೇನೂ ಇಲ್ಲ' ಅನ್ನುತ್ತಿದೆ.

ಲೆಕ್ಕ ಹಾಕಿದರೆ ಧೈರ್ಯ ಬರುತ್ತದೆ. ನಾನು ರೆಕಾರ್ಡ್ ಮಾಡುವುದು 48 ಕಿಲೋಹರ್ಟ್ಸ್, 24 ಬಿಟ್, ಮೋನೋ. ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್, ಒಂದೊಂದಕ್ಕೆ 3 ಬೈಟು, ಒಟ್ಟು 1,44,000 ಬೈಟು. ನಿಮಿಷಕ್ಕೆ 8.64 ಎಂಬಿ. 47 ಎಂಬಿ ಅಂದರೆ ಹೆಚ್ಚುಕಡಿಮೆ ಐದೂವರೆ ನಿಮಿಷ, ನಾನು ನುಡಿಸಿದ್ದೂ ಅಷ್ಟೇ ಹೊತ್ತು. ಹಾಗಾದರೆ ಅದು ಅಲ್ಲೇ ಇದೆ!

ಆಡಾಸಿಟಿ ಎಂಬ ಉಚಿತ ಧ್ವನಿ ಸಾಫ್ಟ್‌ವೇರಿನಲ್ಲಿ 'ಇಂಪೋರ್ಟ್ ರಾ ಡೇಟಾ' ಅಂತ ಒಂದು ಆಯ್ಕೆ ಇದೆ. ಹೆಡರ್ ಏನು ಹೇಳುತ್ತದೆ ಅಂತ ಅದು ಕೇಳುವುದಿಲ್ಲ, ನೀವು ಹೇಳಿದ್ದನ್ನು ನಂಬುತ್ತದೆ. 24 ಬಿಟ್ ಸೈನ್ಡ್ ಪಿಸಿಎಂ, ಲಿಟಲ್ ಎಂಡಿಯನ್ (ವೇವ್ ಫೈಲಿನಲ್ಲಿ ಸಂಖ್ಯೆಗಳನ್ನು ಬರೆದಿಡುವ ಮಾಮೂಲಿ ರೀತಿ), ಒಂದು ಚಾನೆಲ್, 48,000 ಅಂತ ತುಂಬಿ, ಎಷ್ಟು ಬೈಟು ಬಿಟ್ಟು ಓದಬೇಕು ಎಂಬ ಶುರುವಿನ ಆಫ್‌ಸೆಟ್ 44 ಕೊಟ್ಟೆ. ಬಂದದ್ದು ಜಲಪಾತದ ಭೋರ್ಗರೆತ. (ಹೆಡ್‌ಫೋನ್ ಹಾಕಿಕೊಂಡು ಈ ಪ್ರಯೋಗ ಮಾಡುವವರು ಮೊದಲು ವಾಲ್ಯೂಮ್ ತಗ್ಗಿಸಿ. ದಯವಿಟ್ಟು.) ಕಾರಣ ಇಷ್ಟೇ: ಹೆಡರ್ ಯಾವಾಗಲೂ 44 ಬೈಟೇ ಇರಬೇಕು ಅಂತಿಲ್ಲ. ದಿನಾಂಕ, ಟೈಮ್‌ಕೋಡ್ ಮುಂತಾದ ಮಾಹಿತಿಯನ್ನು ಸೇರಿಸುವ ಬ್ರಾಡ್‌ಕಾಸ್ಟ್ ವೇವ್ ಮಾದರಿಯಲ್ಲಿ ಅದು ಆರುನೂರು ಬೈಟು ದಾಟುತ್ತದೆ. ಮೂರು ಮೂರು ಬೈಟಿಗೆ ಒಂದು ಸ್ಯಾಂಪಲ್ ಇರುವಲ್ಲಿ ಒಂದೇ ಬೈಟು ಆಚೀಚೆಯಾದರೂ ಎಲ್ಲ ಸಂಖ್ಯೆಗಳೂ ಕಲಸಿಹೋಗುತ್ತವೆ. ಆದರೆ ಹೆಡರಿನ ಉದ್ದ ಗೊತ್ತಿಲ್ಲದಿದ್ದರೂ ನಡೆಯುತ್ತದೆ ಅನ್ನುವುದೇ ಇದರ ಚೆಂದ. ಮೂರರ ಗುಂಪು ಶುರುವಾಗುವುದಕ್ಕೆ ಮೂರೇ ಜಾಗ ಸಾಧ್ಯ. ಆಫ್‌ಸೆಟ್ 0, 1, 2 ಹೀಗೆ ಕೊಟ್ಟು ನೋಡಿದರೆ ಎರಡರಲ್ಲಿ ಭೋರ್ಗರೆತ, ಒಂದರಲ್ಲಿ ಹಾಡು. ಹೆಡರಿನ ಬೈಟುಗಳೂ ಧ್ವನಿಯಾಗಿ ಬರುವುದರಿಂದ ಮೊದಲಿಗೆ ಒಂದು ಚಿಕ್ಕ 'ಟಪ್' ಕೇಳಿಸುತ್ತದೆ, ಕತ್ತರಿಸಿ ಎಸೆದರಾಯಿತು. ಸ್ಟೀರಿಯೋ ಆಗಿದ್ದರೆ ಎಡ ಬಲ ಅದಲುಬದಲಾಗಿರಬಹುದು, ಅದನ್ನೊಂದು ನೋಡಿಕೊಳ್ಳಬೇಕು. ಕೊಳಲು ಕೇಳಿಸಿದಾಗ ನಾನು ಹೇಗೆ ಕುಣಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಆಮೇಲೆ ಒಂದು ವಿಷಯ ತಲೆಯಲ್ಲಿ ಗಟ್ಟಿಯಾಯಿತು. ನಾವು 'ಪ್ರಾಜೆಕ್ಟ್ ಸೇವ್ ಆಯ್ತಾ' ಅಂತ ಹತ್ತು ಸಲ ನೋಡುತ್ತೇವೆ, ಟೇಕಿನ ಬಗ್ಗೆ ಯೋಚಿಸುವುದೇ ಇಲ್ಲ. ಮಿಕ್ಸ್ (ಟ್ರ್ಯಾಕುಗಳನ್ನೆಲ್ಲ ಹದವಾಗಿ ಸೇರಿಸಿದ್ದು) ಹೋದರೆ ಹೋಗಲಿ, ಮತ್ತೊಂದು ವಾರ ಕೂತು ಮಾಡಬಹುದು. ಹಲವು ಸಲ ಎರಡನೆಯದೇ ಚೆನ್ನಾಗಿರುತ್ತದೆ. ಸದ್ದಿನ ಹದ (ಇಕ್ಯೂ), ಗುಂಗು (ರಿವರ್ಬ್), ಸದ್ದಿನ ಮಟ್ಟ (ಫೇಡರ್) ಎಲ್ಲವೂ ತೀರ್ಮಾನಗಳು, ಮರಳಿ ತೆಗೆದುಕೊಳ್ಳಬಹುದಾದ ತೀರ್ಮಾನಗಳು. ಟೇಕ್ ಹಾಗಲ್ಲ. ಆದ್ದರಿಂದ ನನ್ನ ಬ್ಯಾಕಪ್ ಏನಿದ್ದರೂ ಮೊದಲು ಕಚ್ಚಾ ಟೇಕುಗಳಿಗೆ, ಮಿಕ್ಕಿದ್ದು ಆಮೇಲೆ.

ಪ್ರಾಜೆಕ್ಟ್ ಫೈಲಿನಲ್ಲಿ ಹಾಡು ಇರುವುದೇ ಇಲ್ಲ ಅನ್ನುವುದು ಎಷ್ಟೋ ಜನರಿಗೆ ಹೊಸ ಕಂಪ್ಯೂಟರಿಗೆ ಹೋದ ದಿನ ಗೊತ್ತಾಗುತ್ತದೆ. ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸುವವರು ತಮ್ಮ ಪ್ರಾಜೆಕ್ಟಿನ ಆರ್‌ಪಿಪಿ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ, ಬರೀ ಅಕ್ಷರಗಳು. ಯಾವ ವೇವ್ ಫೈಲು ಎಲ್ಲಿದೆ, ಎಷ್ಟನೇ ಸೆಕೆಂಡಿಗೆ ಶುರು, ಯಾವ ಪ್ಲಗಿನ್ (ಸದ್ದು ಮಾಡುವ ಇಲ್ಲವೇ ಬದಲಿಸುವ ಸೇರಿಕೆ ಸಾಫ್ಟ್‌ವೇರ್) ಎಂಬ ಪಟ್ಟಿ. ಏಬಲ್ಟನ್ ಲೈವ್ ಎಂಬ ಇನ್ನೊಂದು ಸಾಫ್ಟ್‌ವೇರಿನ ಫೈಲೂ ಒಳಗೆ ಅಂಥದ್ದೇ, ಕುಗ್ಗಿಸಿಟ್ಟ ಎಕ್ಸ್‌ಎಂಎಲ್ ಪಠ್ಯ. ಡೌನ್‌ಲೋಡ್ಸ್ ಫೋಲ್ಡರಿನಿಂದ ಎಳೆದು ಹಾಕಿದ ತಂಬೂರಿ ಲೂಪು ಇನ್ನೂ ಡೌನ್‌ಲೋಡ್ಸ್‌ನಲ್ಲೇ ಇರುತ್ತದೆ. ಪ್ರಾಜೆಕ್ಟ್ ಫೋಲ್ಡರನ್ನು ಎಷ್ಟು ಭಕ್ತಿಯಿಂದ ನಕಲು ಮಾಡಿದರೂ ಆ ಲೂಪು ಜೊತೆಗೆ ಬರುವುದಿಲ್ಲ. ಇದಕ್ಕೆ ಮದ್ದು ಸಾಫ್ಟ್‌ವೇರಿನಲ್ಲೇ ಇದೆ. ಏಬಲ್ಟನ್ನಿನಲ್ಲಿ 'ಕಲೆಕ್ಟ್ ಆಲ್ ಅಂಡ್ ಸೇವ್', ರೀಪರಿನಲ್ಲಿ 'ಸೇವ್ ಆ್ಯಸ್' ಮಾಡುವಾಗ ಮೀಡಿಯಾವನ್ನೆಲ್ಲ ಪ್ರಾಜೆಕ್ಟ್ ಫೋಲ್ಡರಿಗೆ ನಕಲಿಸು ಎಂಬ ಟಿಕ್. ಆಡಾಸಿಟಿಯ ಕಥೆ ಬೇರೆ. 2021ರಲ್ಲಿ ಬಂದ 3.0 ಆವೃತ್ತಿಯಿಂದ ಧ್ವನಿಯೂ ಸೇರಿ ಎಲ್ಲವೂ ಒಂದೇ ಡೇಟಾಬೇಸ್ ಫೈಲಿನಲ್ಲಿ. ಸಾಗಿಸಲು ಸುಲಭ, ಆದರೆ ಆ ಒಂದು ಫೈಲು ಕೆಟ್ಟರೆ ಒಳಗಿನ ಟ್ರ್ಯಾಕುಗಳೆಲ್ಲ ಒಟ್ಟಿಗೆ ಸಿಕ್ಕಿಹಾಕಿಕೊಳ್ಳುತ್ತವೆ. ಅದರಲ್ಲಿ ಕೆಲಸ ಮಾಡುವವರು ಟೇಕುಗಳನ್ನು ಬೇರೆಯಾಗಿ ವೇವ್ ಆಗಿ ಎಕ್ಸ್‌ಪೋರ್ಟ್ ಮಾಡಿಡುವುದು ವಾಸಿ.

ಇನ್ನು 'ನಂದೆಲ್ಲ ಕ್ಲೌಡಲ್ಲಿದೆ' ಅನ್ನುವವರು. ಗೆಳೆಯನೊಬ್ಬ ಹಾಡು ಮುಗಿದ ಮೇಲೆ ಪ್ರಾಜೆಕ್ಟ್ ಫೋಲ್ಡರ್ ಕ್ಲೀನ್ ಮಾಡುವ ಆಯ್ಕೆ ಒತ್ತಿದ. ಮಿಕ್ಸಿನಲ್ಲಿ ಬಳಸದ ಟೇಕುಗಳನ್ನು ಅಳಿಸುವುದೇ ಅದರ ಕೆಲಸ, ಅಳಿಸಿತು. ಕ್ಲೌಡ್ ಸಿಂಕ್ ಕೂಡ ತನ್ನ ಕೆಲಸವನ್ನು ಅಷ್ಟೇ ನಿಷ್ಠೆಯಿಂದ ಮಾಡಿ ಅಲ್ಲಿಯ ಪ್ರತಿಗಳನ್ನೂ ಅಳಿಸಿತು. ಅಳಿಸಿದ ಫೈಲುಗಳನ್ನು ಕಸದ ಬುಟ್ಟಿಯಲ್ಲಿ ಕೆಲವು ದಿನ ಇಟ್ಟುಕೊಳ್ಳುವ ಸೌಲಭ್ಯ ಇತ್ತು, ಇವನಿಗೆ ನೆನಪಾಗುವ ಹೊತ್ತಿಗೆ ಆ ಅವಧಿ ಮುಗಿದಿತ್ತು. ಸಿಂಕ್ ಅಂದರೆ ಎರಡೂ ಕಡೆ ಒಂದೇ ಥರ ಇರಬೇಕು ಅಂತ, ಅಳಿಸಿದ್ದೂ ಸೇರಿ. ಹಾರ್ಡ್ ಡಿಸ್ಕಿಗೆ ನಕಲಿಸುವಾಗಲೂ ಇದೇ ಅಪಾಯ ಕಾದಿರುತ್ತದೆ. ವಿಂಡೋಸಿನಲ್ಲಿ ಫೈಲು ನಕಲಿಸುವ ರೋಬೋಕಾಪಿ ಆಜ್ಞೆಗೆ 'ಮಿರರ್' ಆಯ್ಕೆ ಕೊಟ್ಟರೆ ಮೂಲದಲ್ಲಿ ಇಲ್ಲದ್ದನ್ನು ನಕಲಿನಿಂದಲೂ ಒರೆಸಿಹಾಕುತ್ತದೆ. ನಾನು ಮಿರರ್ ಬಳಸುವುದಿಲ್ಲ, ಸೇರಿಸುವುದಷ್ಟೇ. ಡಿಸ್ಕು ತುಂಬಿದರೆ ತುಂಬಲಿ.

ಅಳಿಸಿಹೋದದ್ದನ್ನು ಹಿಂದಕ್ಕೆ ತರಬಹುದಾ? ಅದು ಎಲ್ಲಿ ಅಳಿಸಿತು ಎನ್ನುವುದರ ಮೇಲೆ ಹೋಗುತ್ತದೆ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಅಳಿಸುವುದು ಅಂದರೆ ವಿಳಾಸ ಕೀಳುವುದು ಮಾತ್ರ. ಅದರ ಮೇಲೆ ಬೇರೆಯದು ಬರೆಯುವವರೆಗೆ ಧ್ವನಿ ಅಲ್ಲೇ ಇರುತ್ತದೆ. ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಇದ್ದು, ಫೈಲು ಅಳಿಸಿದ ಕೂಡಲೇ ಈ ಜಾಗ ಖಾಲಿ ಅಂತ ಡ್ರೈವಿಗೆ ಸುದ್ದಿ ಹೋಗುತ್ತದೆ. ಆಮೇಲೆ ಯಾವ ರಿಕವರಿ ಸಾಫ್ಟ್‌ವೇರ್ ಓದಿದರೂ ಬಹುಮಟ್ಟಿಗೆ ಸೊನ್ನೆಗಳೇ. ಹಾರ್ಡ್ ಡಿಸ್ಕಾದರೆ ಆ ಕ್ಷಣವೇ ಅದರಲ್ಲಿ ಬರೆಯುವುದನ್ನು ನಿಲ್ಲಿಸಿ, ರಿಕವರಿ ಸಾಫ್ಟ್‌ವೇರನ್ನು ಬೇರೆ ಡಿಸ್ಕಿಗೆ ಹಾಕಿ ಓಡಿಸಬೇಕು. ಫೋಟೋರೆಕ್ ಉಚಿತ. ಹೆಸರು ಫೋಟೋದ್ದಾದರೂ ವೇವ್ ಫೈಲುಗಳನ್ನೂ ಹುಡುಕುತ್ತದೆ. ಆದರೆ ಮೂಲ ಹೆಸರುಗಳು ಸಿಗುವುದಿಲ್ಲ, ಒಂದು ಅಕ್ಷರ ಮತ್ತು ಅಂಕಿಗಳ ಸರ. ನೂರಾರು ಫೈಲುಗಳಲ್ಲಿ ನಿಮ್ಮ ಹಾಡು ಯಾವುದು ಅಂತ ಒಂದೊಂದಾಗಿ ಕೇಳುತ್ತ ಕೂರಬೇಕು. ಗೆಳೆಯನದು ಎಸ್‌ಎಸ್‌ಡಿ. ಅವನಿಗೆ ಆ ಭಾಗ್ಯವೂ ಇರಲಿಲ್ಲ.

ಹಾಡನ್ನು ಎಲ್ಲೋ ಅಪ್‌ಲೋಡ್ ಮಾಡಿದ್ದೇನಲ್ಲ, ಅಲ್ಲಿಂದ ಇಳಿಸಿಕೊಂಡರಾಯಿತು ಅನ್ನುವ ನಂಬಿಕೆ ಒಡೆಯಲು ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣದ ಕಥೆ ಸಾಕು. ಸರ್ವರ್ ಬದಲಾಯಿಸುವಾಗ ಹಳೆಯ ಹಾಡು, ಫೋಟೋ, ವಿಡಿಯೋಗಳು ಹೋಗಿವೆ ಎಂದು 2019ರಲ್ಲಿ ಅದು ಒಪ್ಪಿಕೊಂಡಿತು. ಹನ್ನೆರಡು ವರ್ಷಗಳಲ್ಲಿ ಜನ ಏರಿಸಿದ್ದ 5 ಕೋಟಿಗೂ ಹೆಚ್ಚು ಹಾಡುಗಳು ಎಂದು ಆಗ ವರದಿಯಾಯಿತು. ಸಂಶೋಧನೆಗೆಂದು ಯಾರೋ ಮೊದಲೇ ಇಳಿಸಿಟ್ಟುಕೊಂಡಿದ್ದ ಸುಮಾರು 4 ಲಕ್ಷ 90 ಸಾವಿರ ಹಾಡುಗಳು ಇಂಟರ್‌ನೆಟ್ ಆರ್ಕೈವ್ ಎಂಬ ಡಿಜಿಟಲ್ ಗ್ರಂಥಾಲಯ ಸೇರಿ ಉಳಿದುಕೊಂಡವು. ಉಳಿದರೂ ಅವು ಎಂಪಿ3, ಮೂಲ ಟ್ರ್ಯಾಕುಗಳಲ್ಲ.

ನನ್ನ ಕ್ರಮ ದೊಡ್ಡದೇನಲ್ಲ. ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಲೆಕ್ಕವೇ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಕಡೆ. ರೆಕಾರ್ಡಿಂಗ್ ಮುಗಿದು ಮೈಕು ಬಿಚ್ಚುವ ಮೊದಲು ಟೇಕುಗಳು ಹೊರಗಿನ ಹಾರ್ಡ್ ಡಿಸ್ಕಿಗೆ ಹೋಗುತ್ತವೆ, ಮಿಕ್ಸಿಂಗಿಗೆ ಕೂರುವುದು ಅದಾದ ಮೇಲೆ. ನಕಲಾದ ಕೂಡಲೇ ಡಿಸ್ಕಿನ ಕೇಬಲ್ ಕಳಚುತ್ತೇನೆ. ಸದಾ ಸಿಕ್ಕಿಸಿಟ್ಟ ಡಿಸ್ಕು ವೈರಸ್ಸಿಗೂ ಸಿಗುತ್ತದೆ, ನನ್ನ ಅವಸರದ ಕೈಗೂ ಸಿಗುತ್ತದೆ. ಬೇರೆ ಕಡೆಯ ಪ್ರತಿಗೆ ಮಾತ್ರ ಕ್ಲೌಡು, ಅದೂ ಹಳೆಯ ಆವೃತ್ತಿಗಳನ್ನು ಇಟ್ಟುಕೊಳ್ಳುವ ಬ್ಯಾಕಪ್ ಸೇವೆ. ರೆಕಾರ್ಡ್ ಮಾಡುವ ಹೊತ್ತಿನಲ್ಲಿ ಅದಕ್ಕೆ ರಜೆ.

ದೀರ್ಘಕಾಲಕ್ಕೆ ಇಡುವುದನ್ನು ಫ್ಲಾಕ್ (ಧ್ವನಿ ಒಂದಿಷ್ಟೂ ಕೆಡದಂತೆ ಕುಗ್ಗಿಸುವ ಮಾದರಿ) ಮಾಡಿ ಇಡುತ್ತೇನೆ. ಜಾಗ ಉಳಿಯುತ್ತದೆ ಅನ್ನುವುದು ಒಂದು ಲಾಭ. ನನಗೆ ಅದಕ್ಕಿಂತ ಇಷ್ಟವಾದದ್ದು ಬೇರೆ. ಫ್ಲಾಕ್ ಮಾಡುವಾಗ ಮೂಲ ಧ್ವನಿಯ ಎಂಡಿ5 ಗುರುತು (ಧ್ವನಿಯಿಂದಲೇ ಲೆಕ್ಕಹಾಕಿದ, ಬೆರಳಚ್ಚಿನಂಥ ಸಂಖ್ಯೆ) ಫೈಲಿನೊಳಗೇ ಸೇರಿಕೊಳ್ಳುತ್ತದೆ. ವರ್ಷಗಳ ನಂತರ ಟೆಸ್ಟ್ ಆಜ್ಞೆ ಕೊಟ್ಟರೆ ಒಂದು ಬಿಟ್ ಕೊಳೆತಿದ್ದರೂ ಹೇಳಿಬಿಡುತ್ತದೆ. ವೇವಿಗೆ ಆ ಬಾಯಿ ಇಲ್ಲ, ಒಳಗೊಳಗೇ ಕೆಟ್ಟಿದ್ದರೂ ಸುಮ್ಮನೆ ಓಡುತ್ತದೆ. 32 ಬಿಟ್ ಫ್ಲೋಟಿನಲ್ಲಿ (ದಶಮಾಂಶ ಸಂಖ್ಯೆಗಳಲ್ಲಿ) ರೆಕಾರ್ಡ್ ಮಾಡುವವರಿಗೆ ಫ್ಲಾಕ್ ಒಗ್ಗುವುದಿಲ್ಲ, ಅವರು ಅಂಥದ್ದೇ ಇನ್ನೊಂದು ಮಾದರಿ ವೇವ್‌ಪ್ಯಾಕ್ ನೋಡಬಹುದು.

ಹಾಡು ಮುಗಿದ ಮೇಲೆ ಇನ್ನೊಂದು ಬೇಜಾರಿನ ಕೆಲಸ ಇದೆ, ಸ್ಟೆಮ್ ತೆಗೆಯುವುದು. ಪ್ರತಿ ಟ್ರ್ಯಾಕನ್ನೂ ಸೊನ್ನೆಯಿಂದಲೇ ಶುರುಮಾಡಿ, ಒಂದೇ ಉದ್ದಕ್ಕೆ, ಒಮ್ಮೆ ಪ್ಲಗಿನ್ ಸಮೇತ, ಒಮ್ಮೆ ಇಲ್ಲದೆ ವೇವ್ ಮಾಡುವುದು. ಮಿಡಿ ಟ್ರ್ಯಾಕುಗಳಿಗಂತೂ ಇದು ಕಡ್ಡಾಯ, ಏಕೆಂದರೆ ಮಿಡಿಯಲ್ಲಿ ಇರುವುದು ಸ್ವರದ ಸೂಚನೆ, ಸದ್ದಲ್ಲ. ಸದ್ದು ಮಾಡುವ ಪ್ಲಗಿನ್ ಯಾವಾಗ ಕಣ್ಮರೆಯಾಗುತ್ತದೋ ಹೇಳಲಾಗದು. 2019ರಲ್ಲಿ ಮ್ಯಾಕ್ ಓಎಸ್ ಕ್ಯಾಟಲಿನಾ 32 ಬಿಟ್ ಸಾಫ್ಟ್‌ವೇರುಗಳನ್ನು ಕೈಬಿಟ್ಟಾಗ ಎಷ್ಟೋ ಹಳೆಯ ಪ್ಲಗಿನ್ನುಗಳು ಅದರ ಜೊತೆಗೇ ಹೋದವು. ಫೈಲು ಕಳೆಯದೆಯೂ ಹಾಡು ಕಳೆಯುವ ಬಗೆ ಇದು.

ಇಷ್ಟೆಲ್ಲ ಆದಮೇಲೆ ಪ್ರತಿಯನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡುತ್ತೇನೆ. ಎಲ್ಲ ಹಾಡನ್ನೂ ಅಲ್ಲ, ಯಾವುದೋ ಒಂದು ಹಳೆಯದನ್ನು. ಕಳೆದ ಸಲ ತೆರೆದಾಗ ಫೈಲುಗಳೆಲ್ಲ ಇದ್ದವು, ಆದರೆ 'ಕೊಳಲು_ಹೊಸದು_2_ಕೊನೆ' ಮತ್ತು 'ಕೊಳಲು_ಕೊನೆ_ಹೊಸದು' ಇವೆರಡರಲ್ಲಿ ಯಾವುದು ಹಾಡಿನಲ್ಲಿ ಹೋದದ್ದು ಅಂತ ತಿಳಿಯದೆ ಒಂದು ಸಂಜೆಯೇ ಹೋಯಿತು. ಈಗ ಪ್ರತಿ ಫೋಲ್ಡರಿನಲ್ಲೂ ಒಂದು ಟೆಕ್ಸ್ಟ್ ಫೈಲು ಇರುತ್ತದೆ: ಶ್ರುತಿ, ಟೆಂಪೋ, ಸ್ಯಾಂಪಲ್ ರೇಟ್, ಬಿಟ್, ಮೈಕು ಎಷ್ಟು ದೂರ, ಆರಿಸಿಕೊಂಡ ಟೇಕ್ ಯಾವುದು. ಎಲ್ಲ ಸೇರಿ 1 ಕೆಬಿ ಕೂಡ ಆಗುವುದಿಲ್ಲ. ರಾ ಇಂಪೋರ್ಟ್ ಮಾಡುವ ಪ್ರಸಂಗ ಬಂದರೆ ಆ ಡಬ್ಬಿಗಳಲ್ಲಿ ತುಂಬಬೇಕಾದ ಅಂಕಿಗಳೂ ಅದರಲ್ಲೇ ಇವೆ.